ಬಸ್‌ಸ್ಟ್ಯಾಂಡಿನ ಕಂಬದ ಮೇಲೆ ಅತ್ತಿಗೆ

ಅತ್ತಿಗೆಯ ಎಡಹುಬ್ಬು ನಟ್ಟನಡುವೆ ಸೀಳಿ ಎರಡಾಗಿತ್ತು. ಚಿಕ್ಕವರಿದ್ದಾಗ ಹೊಸಬಾಳೆ ಹಳ್ಳಿಯಲ್ಲಿ ಎತ್ತಿನಗಾಡಿಯಿಂದ ಬಿದ್ದ ಗುರುತು. ಆ ಬೆಳಿಗ್ಗೆ ನಾನು ಹಾಲು ಕಾಯಲಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹೂವು ತೆಗೆದು, ಹಿತ್ತಲಲ್ಲಿ ಅಡುಗೆಯವರಿಗೆ ಬೆಲ್ಲ, ಗೋಧಿ ತೋರಿಸಿ ಒಳಗೆ ಬರುವಷ್ಟರಲ್ಲಿ ಅವರ ಫೋಟೊ ನಡುಮನೆಗೆ ಬಂದಿತ್ತು. ಅದರಲ್ಲಿ ಹುಬ್ಬು ಕೂಡಿಕೊಂಡಿತ್ತು. ಸ್ಟುಡಿಯೊದವನು ಕಂಪ್ಯೂಟರಿನಲ್ಲಿ ಸೀಳು ಮುಚ್ಚಿ, ಇಳಿದಿದ್ದ ಕೆನ್ನೆ ತುಂಬಿಸಿ, ಜೀವಮಾನವೆಲ್ಲ ಹತ್ತಿ ಸೀರೆ ಬಿಟ್ಟು ಬೇರೆ ಉಡದವರಿಗೆ ಕೆಂಪಂಚಿನ ರೇಷ್ಮೆ ಉಡಿಸಿದ್ದ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಅಂದು ಅವರ ಶಿವಗಣಾರಾಧನೆ, ತೀರಿಕೊಂಡ ಹನ್ನೊಂದನೆಯ ದಿನ. ಫೋಟೊ ತಂದವರು ಚಿಕ್ಕಮಾವ, ನನ್ನ ಮಾವನವರ ತಮ್ಮ.

"ಹೆಂಗೈತಮ್ಮ?" ಎಂದರು.

"ಚೆನ್ನಾಗಿದೆ ಮಾವ" ಎಂದೆ. ಹಿರಿಯರಿಗೆ ಇನ್ನೇನು ಹೇಳಲಿ?

"ಇದು ಸಣ್ಣದು. ಬಸ್‌ಸ್ಟ್ಯಾಂಡ್ ಹತ್ರ ದೊಡ್ಡದು ಕಟ್ಸೀನಿ. ಇಡೀ ಶಿಕಾರಿಪುರ ನೋಡಬೇಕು" ಎನ್ನುತ್ತ ಮೊಬೈಲು ಮುಂದೆ ಹಿಡಿದರು. ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಅದೇ ಕೂಡಿದ ಹುಬ್ಬು, ಅದೇ ರೇಷ್ಮೆ ಸೀರೆ. ಕೆಳಗೆ ಹೆಸರು, ಅದರಡಿ ದಪ್ಪಕ್ಷರದಲ್ಲಿ: ಅಣು ವಿಕಿರಣಕ್ಕೆ ಬಲಿಯಾದ ನಮ್ಮೂರ ಹೆಮ್ಮೆಯ ವಿಜ್ಞಾನಿಗೆ ಭಾವಪೂರ್ಣ ಶ್ರದ್ಧಾಂಜಲಿ.

ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ನಾನು ಅಲ್ಲಾಡಲಿಲ್ಲ.

ಅತ್ತಿಗೆ ವಿಜ್ಞಾನಿಯಲ್ಲ. ಅವರ ಕಸುಬಿಗೆ ನಮ್ಮೂರಿನಲ್ಲಿ ಹೆಸರೇ ಇರಲಿಲ್ಲ. ಭೌತಶಾಸ್ತ್ರ ಓದಿ, ದೂರದ ಊರಿನ ಕಚೇರಿಯೊಂದರಲ್ಲಿ ಅಣುವಿದ್ಯುತ್ ಸ್ಥಾವರಗಳ ಸುರಕ್ಷತೆಯ ಕಾಗದಪತ್ರ ನೋಡುತ್ತಿದ್ದರು. ಮೇಲಿನವರು ಹೇಳಿದಂತೆ ಬರೆಯಲಾರೆ ಎಂದು ಒಂದು ದಿನ ಅದನ್ನು ಬಿಟ್ಟು ಬಂದು ನಮ್ಮ ಮಹಡಿಯ ಕೋಣೆಯಲ್ಲಿ ಕೂತರು. ಆಮೇಲೆ ಯಾರ ಸಂಬಳವೂ ಇಲ್ಲ, ಯಾರ ಅಪ್ಪಣೆಯೂ ಇಲ್ಲ. ಒಂದು ಕಡೆ ಸ್ಥಾವರ ಬಂದರೆ ಅದನ್ನು ತಣಿಸಲು ನೀರೆಲ್ಲಿಂದ, ಉರಿದು ಉಳಿದ ಇಂಧನ ಎಲ್ಲಿಡುವುದು, ಏನಾದರೂ ಆದರೆ ಜನ ಯಾವ ದಾರಿಯಲ್ಲಿ ಹೊರಡುವುದು, ಇವನ್ನೆಲ್ಲ ಓದಿ ವಿಚಾರಿಸಿ ವರದಿ ಬರೆಯುವುದು ಅವರ ಕೆಲಸ. ಕಟ್ಟುವ ಕಂಪನಿ ಕೇಳಲಿ, ಬೇಡವೆನ್ನುವ ಹಳ್ಳಿ ಕೇಳಲಿ, ಕೊಡುತ್ತಿದ್ದ ವರದಿ ಒಂದೇ. 'ಅಣುಶಕ್ತಿ ನೀತಿ ಸಲಹೆಗಾರ್ತಿ' ಎಂದು ಬಾಗಿಲಿಗೊಂದು ಬೋರ್ಡು ಹಾಕಿಸೋಣವೇ ಎಂದಿದ್ದಕ್ಕೆ ನಕ್ಕುಬಿಟ್ಟರು. "ಬೇಡ ಮಾರಾಯ್ತಿ, ಸಲಹೆ ಅಂದ್ಕೂಡ್ಲೆ ಜಾತಕ ಹಿಡ್ಕೊಂಡು ಬರ್ತಾರೆ."

ವಿಡಿಯೊ ಮೀಟಿಂಗಿನ ನಡುವೆ ಕರೆಂಟು ಹೋದರೆ ಮೆಟ್ಟಿಲ ಮೇಲೆ ಬಂದು ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುವರು. "ದೇಶಕ್ಕೆಲ್ಲ ಕರೆಂಟಿನ ಬುದ್ಧಿ ಹೇಳೋಳಿಗೆ ಒಂದು ಫ್ಯಾನಿಲ್ಲ ನೋಡು."

ವರದಿ ಕಳಿಸುವ ಮೊದಲು ನನ್ನನ್ನು ಮೇಲೆ ಕರೆಯುತ್ತಿದ್ದರು. ನಾನು ಒದ್ದೆ ಕೈ ಒರೆಸಿಕೊಳ್ಳುತ್ತ ಹೋಗಿ ಗಟ್ಟಿಯಾಗಿ ಓದಬೇಕು. ಅವರು ಕಾಗದ ಬಿಟ್ಟು ನನ್ನ ಮುಖ ನೋಡುತ್ತಿರುವರು. ನಾನು ತಡವರಿಸಿದ ಕಡೆ "ನಿಲ್ಲು" ಎಂದು ಕೆಂಪು ಗೆರೆ ಹಾಕುವರು. "ನಿಂಗೆ ತಿಳೀಲಿಲ್ಲ ಅಂದ್ರೆ ನಾನೇ ಅಲ್ಲೇನೋ ಮುಚ್ಚಿಡ್ತಿದೀನಿ ಅಂತ." ನನ್ನ ಕಾನ್ವೆಂಟ್ ಇಂಗ್ಲಿಷು ಮದುವೆಯಾದ ಮೇಲೆ ಮಕ್ಕಳ ಹೋಮ್‌ವರ್ಕಿಗೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ಅವರಿಗೆ ಬೇಕಾಗಿತ್ತು. ತಿಳಿಯದಿದ್ದನ್ನು ನಾಚದೆ 'ತಿಳಿಯಲಿಲ್ಲ' ಎನ್ನುವುದನ್ನು ನಾನು ಕಲಿತದ್ದು ಆ ಕೋಣೆಯಲ್ಲಿ, ಫೀಸು ಕೊಟ್ಟ ಯಾವ ಶಾಲೆಯಲ್ಲೂ ಅಲ್ಲ.

ಒಮ್ಮೆ ಬೇರೆ ಜಿಲ್ಲೆಯ ಹಳ್ಳಿಯೊಂದರಿಂದ ಜೀಪಿನಲ್ಲಿ ಜನ ಬಂದರು. ಅವರ ಹೊಲಗಳ ಪಕ್ಕ ಸ್ಥಾವರ ಬರುವ ಮಾತು ನಡೆದಿತ್ತು. ಮುಖಂಡನಾಗಿದ್ದವನು ನನ್ನ ಕಾಫಿ ಹೀರುತ್ತ, "ಒಂದು ಹನಿ ಸೋರಿದ್ರೆ ಇಡೀ ತಾಲ್ಲೂಕು ಸಾಯ್ತದೆ ಅಂತ ಬರ್ದುಬಿಡ್ರಿ ಮೇಡಂ" ಎಂದ.

"ಹಂಗಾಗಲ್ಲ. ಆಗೋದನ್ನ ಬರೀತೀನಿ. ಅಷ್ಟೇ ಸಾಕು ನಿಮಗೆ."

ಬೇಸಿಗೆಯಲ್ಲಿ ಆ ಹೊಳೆಯ ನೀರು ಸಾಲದು, ಊರು ಬಿಟ್ಟು ಹೊರಡಲು ಇರುವುದು ಒಂದೇ ಇಕ್ಕಟ್ಟಾದ ಸೇತುವೆ ಎಂದು ಬರೆದರು. ಓದಿದ ಮುಖಂಡ ಮೆಟ್ಟಿಲಿಳಿಯುವಾಗ ನನಗೆ ಕೇಳುವಂತೆಯೇ "ಕಂಪನಿ ಕಾಸು ತಿಂದಾಳೆ" ಎಂದ. ಕಂಪನಿಯವರೂ ಅದೇ ವರದಿ ತರಿಸಿಕೊಂಡು ಸೇತುವೆಯ ಪುಟ ತೆಗೆಯಲು ಹೇಳಿದರು. ಇವರು ತೆಗೆಯಲಿಲ್ಲ. ಆ ಕಡೆಯಿಂದ ಮತ್ತೆ ಕೆಲಸ ಬರಲಿಲ್ಲ. "ಇಬ್ರೂ ಬೈದ್ರಲ್ಲ, ಹಂಗಾರೆ ಸರಿಯಾಗೇ ಬರ್ದಿದೀನಿ" ಎಂದು ಅತ್ತಿಗೆ ನೆಮ್ಮದಿಯಾಗಿ ಕೂತು ಮಂಡಕ್ಕಿ ತಿಂದರು. ನನಗೆ ಒಂದು ವಾರ ಸಿಟ್ಟು ಇಳಿಯಲಿಲ್ಲ.

ಕ್ಯಾನ್ಸರ್ ಬಂದಾಗ ನೋಡಲು ಬಂದವರೆಲ್ಲ ನನ್ನನ್ನು ಅಡುಗೆಮನೆಗೆ ಎಳೆದು ಪಿಸುಗುಟ್ಟಿದರು: "ಆ ಕೆಲಸದಿಂದಲೇ ಅಲ್ವೇನ್ರೀ?" ಅತ್ತಿಗೆಗೆ ಅದು ಗೊತ್ತಿತ್ತು. ಆಸ್ಪತ್ರೆಯಿಂದ ಹಿಂತಿರುಗುವಾಗ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದರು. "ನಾ ಕೆಲಸ ಮಾಡಿದ್ದು ಕಾಗದದ ಜೊತೆ. ನನ್ನ ಮೈಗೆ ವಿಕಿರಣ ಅಂತ ಸರಿಯಾಗಿ ತಾಗಿದ್ದು ಈ ಆಸ್ಪತ್ರೇಲಿ, ಅದೂ ನಾಕು ದಿನ ಹೆಚ್ಚಿಗೆ ಬದುಕ್ಲಿ ಅಂತ. ಯಾಕೆ ಬಂತು ಅನ್ನೋದು ಡಾಕ್ಟ್ರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಕೇಳಿದೋರಿಗೆ ಗೊತ್ತಿಲ್ಲ ಅಂತಲೇ ಹೇಳು. ನನ್ನ ಸಾವನ್ನ ಯಾರ ವಾದಕ್ಕೂ ಕೊಡಬೇಡ."

ಅವರು ನನ್ನಿಂದ ಕೇಳಿಕೊಂಡದ್ದು ಅದೊಂದೇ. ಹನ್ನೊಂದು ದಿನವೂ ಅದನ್ನು ಉಳಿಸಿಕೊಡಲು ನಮ್ಮಿಂದ ಆಗಲಿಲ್ಲ.

ಉಕ್ಕಿದ ಹಾಲು ಒರೆಸುತ್ತಿದ್ದಾಗ ಫೋನು ಬಂತು. ಆ ಜೀಪಿನ ಮುಖಂಡ. "ಫ್ಲೆಕ್ಸ್ ವಾಟ್ಸಾಪಿನಾಗೆ ನೋಡಿದ್ವಿ ಮೇಡಂ. ಅಕ್ಕಾರು ಸತ್ತು ನಮ್ಮ ಹೋರಾಟಕ್ಕೆ ಬಲ ಕೊಟ್ರು. ನಮ್ಮ ಕರಪತ್ರಕ್ಕೂ ಇದೇ ಫೋಟೊ ಹಾಕ್ತೀವಿ."

"ನಮ್ಮ ಮೆಟ್ಟಿಲಿಳಿಯುವಾಗ ಅವರನ್ನು ಏನೆಂದಿರಿ, ನೆನಪಿದೆಯೇ?"

"ಅದೆಲ್ಲ ಈಗ್ಯಾಕೆ ಬಿಡ್ರೀ."

"ಒಂದಕ್ಷರ ಅಚ್ಚಾಗಕೂಡದು" ಎಂದು ಫೋನಿಟ್ಟೆ. ದನಿ ಎತ್ತದೆ ಮಾತಾಡುವುದನ್ನು ನಮ್ಮ ಕಾನ್ವೆಂಟಿನ ಸಿಸ್ಟರುಗಳು ವರ್ಷಗಟ್ಟಲೆ ಕಲಿಸಿದ್ದರು. ಅದೆಲ್ಲ ಆ ಬೆಳಿಗ್ಗೆ ಎಲ್ಲಿ ಹೋಯಿತೋ.

"ಮಾವ, ಅದನ್ನು ಈಗಲೇ ತೆಗೆಸಿ."

ಚಿಕ್ಕಮಾವನ ಮುಖ ಸಣ್ಣದಾಯಿತು. "ಯಾಕಮ್ಮ? ಪ್ರೀತಿಯಿಂದ ಹಾಕ್ಸಿದ್ದು. ಬ್ರಿಟಿಷರ ಕಾಲದಾಗೆ ನೇಣಿಗೇರಿದ ಈಸೂರಿನೋರ ಹೆಸರೆತ್ತಿದ್ರೆ ಜನ ಈಗ್ಲೂ ಕೈ ಮುಗೀತಾರೆ. ನಮ್ಮ ಮನೇಲೂ ದೇಶಕ್ಕೆ ಅಂತ ಒಬ್ಬಳು ಹೋದ್ಲು ಅಂದ್ರೆ ತಪ್ಪೇನೈತಿ?"

"ದೇಶಕ್ಕೆ ಹೋಗಲಿಲ್ಲ. ಕಾಯಿಲೆಗೆ ಹೋದರು."

"ಕಾಯಿಲೆ ಅಂದ್ರೆ ಯಾರಮ್ಮ ನೆನೀತಾರೆ?"

"ಹಾಗಾದರೆ ಅವರು ಬದುಕಿದ್ದು ಯಾತಕ್ಕೂ ಅಲ್ಲವೇ? ಸತ್ತ ರೀತಿಗೆ ಮಾತ್ರ ಬೆಲೆಯೇ?" ಹಿತ್ತಲಿನ ಅಡುಗೆಯವರು ಸೌಟು ಹಿಡಿದೇ ನಿಂತು ನೋಡಿದರು. ನನ್ನ ಗಂಡ ಮೆಲ್ಲಗೆ "ಇವತ್ತು ಬೇಡ, ನಾಳೆ ತೆಗೆಸೋಣ" ಎಂದರು. ನಾಳೆಯ ಹೊತ್ತಿಗೆ ಅದು ಎಷ್ಟು ಮೊಬೈಲು ದಾಟಿರುತ್ತದೆ ಎಂದು ಅವರಿಗೂ ಗೊತ್ತಿತ್ತು. ಅಡುಗೆಯವರ ಚಾಕು ತೆಗೆದುಕೊಂಡು ನಾನೇ ಹೊರಟೆ. ಗೇಟಿನ ಹತ್ತಿರ ನನ್ನ ಗಂಡನೂ ಚಪ್ಪಲಿ ಮೆಟ್ಟಿಕೊಳ್ಳುತ್ತ ಹಿಂದೆ ಬಂದರು.

ಬಸ್‌ಸ್ಟ್ಯಾಂಡಿನ ಕಂಬದ ಕೆಳಗೆ ಚಹಾದಂಗಡಿಯ ಸ್ಟೂಲು ಅವರು ಹಿಡಿದುಕೊಂಡರು, ನಾನು ಹತ್ತಿದೆ. ಆಟೋದವನೊಬ್ಬ ಕತ್ತು ಚಾಚಿದ. "ಅಕ್ಕಾ, ನಿಮ್ಮನೇದೇ ಅಲ್ಲೇನು ಅದು? ಯಾಕೆ ಕೀಳ್ತೀರಿ?"

"ತಪ್ಪು ಬರೆದಿದ್ದಾರೆ."

"ಹೆಸರಾ?"

"ಹೆಸರೊಂದು ಸರಿಯಿದೆ."

ಹಗ್ಗ ಗಟ್ಟಿಯಿತ್ತು. ಕೊನೆಯ ಗಂಟು ಕೊಯ್ದಾಗ ಅತ್ತಿಗೆ ಇಡಿಯಾಗಿ ನನ್ನ ಮೇಲೆ ಬಿದ್ದರು. ಮುಖದ ತುಂಬ ಹೊಸ ಬಣ್ಣದ ವಾಸನೆ. ನಾಲ್ಕಾರು ಜನ ಮೊಬೈಲು ಎತ್ತಿ ಹಿಡಿದಿದ್ದರು. ಹಿಡಿಯಲಿ ಎಂದುಕೊಂಡೆ. ಕೇಳಿದವರಿಗೆಲ್ಲ ಹೇಳಿದೆ: ಕ್ಯಾನ್ಸರಿನಿಂದ ಹೋದರು, ಯಾಕೆ ಬಂತೋ ಯಾರಿಗೂ ಗೊತ್ತಿಲ್ಲ. ಮನೆಗೆ ಬಂದು, ಬಂದವರ ಎದುರಿಗೂ ಅದನ್ನೇ ಹೇಳಿದೆ. ಚಿಕ್ಕಮಾವ ಉಣ್ಣುವಾಗ ನನ್ನ ಕಡೆ ನೋಡಲಿಲ್ಲ.

ಸಂಜೆ ನೆಂಟರೆಲ್ಲ ಹೋದ ಮೇಲೆ ಪಕ್ಕದ ಮನೆಯಾಕೆ ಹಿತ್ತಲ ಗೋಡೆಯ ಆಚೆಯಿಂದ ಪಾತ್ರೆ ಚಾಚಿದರು. ಉಳಿದಿದ್ದ ಗೋಧಿಹುಗ್ಗಿ ಬಡಿಸಿದೆ. ಅವರು ಬೆರಳಿಂದ ಅಂಚು ಒರೆಸಿ ಬಾಯಿಗಿಟ್ಟುಕೊಂಡು, ಮುಚ್ಚಳ ಮುಚ್ಚುತ್ತ ಹೇಳಿದರು:

"ಬೆಲ್ಲ ಒಂಚೂರು ಮುಂದಾಗೈತೆ, ಆದ್ರೂ ಚಲೋ ಆಗೈತೆ. ಅಂದಂಗೆ, ಆ ಫ್ಲೆಕ್ಸ್ ಕಿತ್ತಿದ್ದು ಜಾಣತನ ಆತು ಬಿಡ್ರೀ. ಕಂಪನಿಯೋರು ಕೊಡೋ ಪರಿಹಾರ ಕೈಗೆ ಬರೋ ತನಕ ವಿಕಿರಣ ಗಿಕಿರಣ ಅಂತ ಬಾಯಿ ಬಿಡಬಾರದು."