ಕಂಪ್ಯೂಟರಿನೊಳಗಿನ ಸೆಂಟ್ ರಬ್ಬರು

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಧೂಳು ಒರೆಸೋಣ ಅಂತಲ್ಲ, ಸಿಟ್ಟಿಗೆ ಬಿಚ್ಚಿದ್ದು. ವಾರದಿಂದ ಪರದೆಯ ಮೇಲೆ ಒಂದು ಸೂಚನೆ ಬರುತ್ತಿದೆ. ನಿಮ್ಮ ಹಳೆಯ ಸಿಸ್ಟಮ್‌ಗೆ ಇನ್ನು ಮುಂದೆ ಅಪ್‌ಡೇಟ್ ಸಿಗುವುದಿಲ್ಲ, ಹೊಸದನ್ನು ಹಾಕಿಕೊಳ್ಳಿ ಎನ್ನುತ್ತದೆ. ಆಯಿತು ಮಾರಾಯಾ, ಹಾಕಿಕೊಳ್ಳೋಣ ಎಂದು ಒತ್ತಿದರೆ, ಹೊಸದಕ್ಕೆ ನಿಮ್ಮ ಕಂಪ್ಯೂಟರ್ ತಕ್ಕುದಲ್ಲ ಎನ್ನುತ್ತದೆ. ಹಳೆಯದು ಇಟ್ಟುಕೊಳ್ಳಬಾರದಂತೆ, ಹೊಸದು ಕೊಡುವುದಿಲ್ಲವಂತೆ! ಹಾಗಾದರೆ ನಾನೇನು ಸ್ಲೇಟು ಬಳಪ ಹಿಡಿದು ಕೂರಲೇ? ನಾನು ಕನ್ನಡ ಡಿಟಿಪಿ ಮಾಡಿ ಬದುಕುವವಳು. ಲಗ್ನಪತ್ರಿಕೆ, ಕರಪತ್ರ, ಕ್ಯಾಲೆಂಡರು ಟೈಪ್ ಮಾಡಿ, ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ.

ತಗಡು ಬಿಚ್ಚಿದ ಕೂಡಲೇ ಧೂಳಿನ ಜೊತೆಗೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಸ್ಟ್ರಾಬೆರಿಯೋ ಬಬಲ್‌ಗಮ್ಮೋ... ಸ್ಕೂಲು ಮಕ್ಕಳ ಜಾಮಿಟ್ರಿ ಬಾಕ್ಸಿನ ವಾಸನೆ. ಬಗ್ಗಿ ನೋಡಿದರೆ, ಪೆಟ್ಟಿಗೆಯ ಒಳಗೋಡೆಗೆ ಸೆಲೋಟೇಪಿನಲ್ಲಿ ಅಂಟಿಸಿದ್ದ ಅರ್ಧ ಸವೆದ ಗುಲಾಬಿ ಬಣ್ಣದ ಸೆಂಟ್ ರಬ್ಬರು! ಇಷ್ಟು ವರ್ಷ ಅದು ಅಲ್ಲೇ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಯಾರದೆಂದು ಮಾತ್ರ ನೋಡಿದ ತಕ್ಷಣ ಗೊತ್ತಾಯಿತು. ಮೇಲಿನ ಮನೆಯ ಅಂಕಲ್‌ದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸಹಕಾರನಗರದ ಈ ಮನೆಗೆ ನಾವು ಬಾಡಿಗೆಗೆ ಬಂದಾಗ ಮಹಡಿಯ ಮೇಲೆ ಅವರೂ ಆಂಟಿಯೂ ಆಗಲೇ ಇದ್ದರು. ಅಂಕಲ್ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿದ್ದು ನಿವೃತ್ತರಾದವರು. ಕೈ ಸುಮ್ಮನಿರುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಹಳೆ ಕಂಪ್ಯೂಟರ್ ಬಿಸಾಡಿದರೆ ಸಾಕು, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದುಬಿಡುತ್ತಿದ್ದರು. ಮಹಡಿ ಮೆಟ್ಟಿಲಿನ ಅರ್ಧ ಜಾಗ ಅವುಗಳಿಗೇ. ತರಕಾರಿ ಚೀಲ ಹಿಡಿದು ಹತ್ತುವಾಗ ಅವುಗಳಿಗೆ ಕಾಲು ತಾಗಿ ಆಂಟಿ ದಿನಾ ಬೈಯುತ್ತಿದ್ದರು. ತಂದದ್ದಕ್ಕೆಲ್ಲ ಅಂಕಲ್ ಮೊದಲು ಮಾಡುತ್ತಿದ್ದ ಕೆಲಸವೆಂದರೆ ರ್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜುವುದು. ಕಿಲುಬು ಹೋಗಲೆಂದು ಎಲ್ಲ ರಿಪೇರಿಯವರೂ ಉಜ್ಜುತ್ತಾರೆ, ಆದರೆ ಇವರಿಗೆ ಸೆಂಟ್ ರಬ್ಬರೇ ಆಗಬೇಕು. ಬಿಳಿ ರಬ್ಬರು ಪುಡಿ ಉದುರಿಸುತ್ತದಂತೆ, ಇದು ಉದುರಿಸುವುದಿಲ್ಲವಂತೆ.

ಆರೇಳು ವರ್ಷದ ಹಿಂದೆ ನನಗೆ ಇದೇ ಗಂಡಾಂತರ ಬಂದಿತ್ತು. ನನ್ನವರ ಕಂಪನಿ ಮುಚ್ಚಿ ಎಂಟು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದದ್ದು ಯಶವಂತಪುರದ ಒಂದು ಪ್ರೆಸ್ಸು ಕೊಡುತ್ತಿದ್ದ ಕೆಲಸದಿಂದ. ಅಲ್ಲಿಯವರೆಗೆ ಪೆನ್ ಡ್ರೈವ್ ಕೊಟ್ಟು ಬಂದರೆ ಮುಗಿಯುತ್ತಿತ್ತು. ಒಂದು ದಿನ ಪ್ರೆಸ್ಸಿನವರು ಫೋನ್ ಮಾಡಿ, ಇನ್ನು ಮೇಲೆ ಎಲ್ಲ ಫೈಲುಗಳನ್ನೂ ನಮ್ಮ ಹೊಸ ವೆಬ್‌ಸೈಟಿಗೇ ಹಾಕಬೇಕು ಎಂದರು. ಆ ವೆಬ್‌ಸೈಟು ನನ್ನ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಅದಕ್ಕೆ ಹೊಸ ಬ್ರೌಸರ್ ಬೇಕು, ಹೊಸ ಬ್ರೌಸರಿಗೆ ಹೊಸ ಸಿಸ್ಟಮ್ ಬೇಕು, ಹೊಸ ಸಿಸ್ಟಮ್‌ಗೆ ನನ್ನ ಕಂಪ್ಯೂಟರು ಆಗದು. ಅದು ಸಾಲದೆಂಬಂತೆ, ನಾನು ವರ್ಷಗಟ್ಟಲೆ ಬೆರಳು ಪಳಗಿಸಿಕೊಂಡಿದ್ದ ಕನ್ನಡ ಟೈಪಿಂಗ್ ಸಾಫ್ಟ್‌ವೇರು ಹಳೆ ಸಿಸ್ಟಮ್ ಬಿಟ್ಟು ಬೇರೆಲ್ಲೂ ಓಡದು. ಅಯ್ಯೋ ರಾಮ, ಯಾವ ಕಡೆ ತಿರುಗಿದರೂ ಗೋಡೆ.

ಪ್ರೆಸ್ಸಿನವರು ಮೂರು ವಾರ ಗಡುವು ಕೊಟ್ಟರು. ಮುಂದಿನ ವರ್ಷದ ಕ್ಯಾಲೆಂಡರಿನ ಹನ್ನೆರಡು ಪುಟ ಮೂರನೆಯ ವಾರದ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ವೆಬ್‌ಸೈಟಿನಲ್ಲಿ ಇರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಕ್ಯಾಲೆಂಡರು ಹೋದರೆ ಉಳಿದ ಕೆಲಸವೂ ಅದರ ಹಿಂದೆಯೇ ಹೋಗುತ್ತದೆಂದು ನನಗೆ ಗೊತ್ತಿತ್ತು.

ವಿಷಯ ಕಿವಿಗೆ ಬಿದ್ದದ್ದೇ ತಡ, ಅಂಕಲ್ ಸ್ಕ್ರೂಡ್ರೈವರ್ ಹಿಡಿದು ಇಳಿದು ಬಂದರು. ಪರದೆಯ ಮೇಲೆ 'ತಕ್ಕುದಲ್ಲ' ಎಂದು ಬಂದದ್ದನ್ನು ಕನ್ನಡಕ ಏರಿಸಿ ಓದಿದರು.

"ತಕ್ಕುದಲ್ಲ ಅನ್ನೋಕೆ ಇವನ್ಯಾರಮ್ಮ? ನಂಗೂ ಅರವತ್ತಾದ ತಕ್ಷಣ ಹಿಂಗೇ ಒಂದು ಲೆಟರ್ ಕೊಟ್ಟು ಕಳಿಸಿದ್ರು. ನಾನೇನ್ ಕೆಟ್ಟು ಕೂತಿದೀನಾ? ಬಿಡು, ನಾನು ಹಾಕ್ಕೊಡ್ತೀನಿ."

ಬಂತು ನೋಡಿ ನನ್ನ ಗ್ರಹಚಾರ. ಮೂರು ವಾರ ಆ ಮನುಷ್ಯ ನನ್ನ ಪ್ರಾಣ ಹಿಂಡಿದರು. ಬೆಳಿಗ್ಗೆ ತಿಂಡಿ ಮುಗಿಸಿ ಬಂದು ಕುರ್ಚಿ ಎಳೆದುಕೊಂಡು ಕೂರುವುದು, ಕಾಫಿ ಕುಡಿಯುವುದು, ಪೆಟ್ಟಿಗೆ ಬಿಚ್ಚುವುದು, ರಬ್ಬರಿನಲ್ಲಿ ಉಜ್ಜುವುದು, ಮುಚ್ಚುವುದು. ಏನೋ ನೋಡಿ 'ಹ್ಞೂಂ' ಎಂದು ಮೇಲೆ ಹೋದರೆ ಮಧ್ಯಾಹ್ನದವರೆಗೆ ಸುಳಿವಿಲ್ಲ. ಮತ್ತೆ ಬಂದು, "ಇವತ್ತು ಬೇಡ ಕಣಮ್ಮ, ನಾಳೆ ನೋಡೋಣ" ಎನ್ನುವುದು. ಯಾಕೆ ಬೇಡ ಎಂದರೆ ಖಾಲಿ ಲೋಟ ಮುಂದಕ್ಕೆ ಚಾಚುವುದು. ಎಷ್ಟು ಹೊತ್ತಾಗುತ್ತದೆ ಎಂದು ಯಾವಾಗ ಕೇಳಿದರೂ ಒಂದೇ ಮಾತು, "ಇನ್ನು ಹತ್ತೇ ನಿಮಿಷ." ಅವರ ಹತ್ತು ನಿಮಿಷದಲ್ಲಿ ನಾನು ಸಾರು ಕುದಿಸಿ, ಬಟ್ಟೆ ಒಗೆದು, ಒಣಹಾಕಿ ಬರಬಹುದಿತ್ತು.

ಇದೆಲ್ಲದರ ಮೇಲೆ ರಾಹುಕಾಲ! ಅಂಕಲ್ ರಾಹುಕಾಲದಲ್ಲಿ ಕಂಪ್ಯೂಟರಿನ ಗುಂಡಿ ಒತ್ತುತ್ತಿರಲಿಲ್ಲ. ಸ್ಕ್ರೂ ಬಿಚ್ಚಬಹುದಿತ್ತು, ಧೂಳು ಊದಬಹುದಿತ್ತು, ಹೊಸದಾಗಿ ಏನನ್ನೂ ಶುರು ಮಾಡುವಂತಿರಲಿಲ್ಲ. ಕಾರ್ಖಾನೆಯಲ್ಲಿ ಹೊಸ ಯಂತ್ರ ಚಾಲೂ ಮಾಡುವಾಗ ದೊಡ್ಡ ದೊಡ್ಡ ಇಂಜಿನಿಯರುಗಳೇ ಕಾಯುತ್ತಿದ್ದರಂತೆ, ಇವರು ಯಾವ ಲೆಕ್ಕ? ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಯಾಕೆಂದರೆ ಆ ರಾಹುಕಾಲದ ಪಟ್ಟಿಯನ್ನು ವರ್ಷಾ ವರ್ಷಾ ಕ್ಯಾಲೆಂಡರಿಗೆ ಟೈಪ್ ಮಾಡಿ ಹೊಟ್ಟೆ ಹೊರೆಯುತ್ತಿದ್ದವಳು ನಾನು! ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಶನಿವಾರ ಒಂಬತ್ತರಿಂದ ಹತ್ತೂವರೆ... ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಒಂದು ದಿನವೂ ಪಾಲಿಸಿದವಳಲ್ಲ. ನಾನು ಟೈಪ್ ಮಾಡಿದ್ದನ್ನೇ ಗೋಡೆಗೆ ಹಾಕಿಕೊಂಡು ಅವರು ನನ್ನ ಕೆಲಸ ನಿಲ್ಲಿಸುತ್ತಿದ್ದರು.

ಗಡುವಿಗೆ ಒಂದು ದಿನ ಮುಂಚೆ, ಶುಕ್ರವಾರ, ಒಂಬತ್ತು ಗಂಟೆಗೆ ಬಂದು, "ಇವತ್ತು ಆಗೋಗುತ್ತೆ ಕಣಮ್ಮ" ಎಂದರು. ಹೊಸ ಸಿಸ್ಟಮ್ ಇಳಿಯತೊಡಗಿತು. ಇಪ್ಪತ್ತು ಪರ್ಸೆಂಟು, ನಲವತ್ತು ಪರ್ಸೆಂಟು... ಅರವತ್ತೊಂದಕ್ಕೆ ಬಂದು ಜಪ್ಪಯ್ಯ ಎಂದರೂ ಮುಂದಕ್ಕೆ ಹೋಗಲಿಲ್ಲ. ನಾನು ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೂ ಅದು ಅಲುಗಿ ಮುಂದೆ ಹೋಗಿ, ಇನ್ನೊಂದು ಸಲ ಎಂಟರ್ ಒತ್ತಿದರೆ ಮುಗಿಯಿತು ಎನ್ನುವ ಹಂತಕ್ಕೆ ಬಂತು. ಅಂಕಲ್ ಬೆರಳು ಚಾಚಿದವರು ಗಡಿಯಾರ ನೋಡಿದರು. ಹತ್ತು ಮೂವತ್ತೆರಡು. ಕೈ ಹಿಂದಕ್ಕೆ ತೆಗೆದುಕೊಂಡರು.

"ಹನ್ನೆರಡಕ್ಕೆ ಒತ್ತೋಣ."

"ನಾನೇ ಒತ್ತುತ್ತೀನಿ ಬಿಡಿ ಅಂಕಲ್!"

"ಬೇಡಮ್ಮ, ನನ್ ಮಾತು ಕೇಳು. ಇಷ್ಟು ದಿನ ಕಾದಿದೀಯ, ಒಂದೂವರೆ ಗಂಟೆ ಅಲ್ವಾ."

ಹಿರಿಯರಲ್ಲವೇ, ಎದ್ದು ಅಡಿಗೆಮನೆಗೆ ಹೋದೆ. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಕಾಲು ಗಂಟೆಯಲ್ಲಿ ವಾಪಸ್ ಬಂತು. ಕಂಪ್ಯೂಟರು ಮಾತ್ರ ಬರಲಿಲ್ಲ. ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣಮಿಣ ಎನ್ನುವ ಒಂದು ಗೆರೆ. ಹಳೆಯದೂ ಇಲ್ಲ, ಹೊಸದೂ ಇಲ್ಲ.

ಆಮೇಲೆ ನಾನು ಬಾಯಿಗೆ ಬಂದಂತೆ ಬೈದೆ. "ನಿಮ್ಮ ರಾಹುಕಾಲ ನನ್ನ ಹೊಟ್ಟೆ ಮೇಲೆ ಹೊಡೀತು! ನಿಮಗೆ ಪೆನ್ಷನ್ ಬರುತ್ತೆ, ಟೈಮ್‌ಪಾಸು. ನಮಗೆ ಊಟದ ಪ್ರಶ್ನೆ. ನಾಳೆಯಿಂದ ನಮ್ಮ ಮನೆ ಕಡೆ ಬರಬೇಡಿ!" ಹೀಗೆ, ತಂದೆ ವಯಸ್ಸಿನವರಿಗೆ. ಅವರು ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿ, ಕಾಫಿ ಲೋಟ ತೆಗೆದುಕೊಂಡು ಹೋಗಿ ಸಿಂಕಿನಲ್ಲಿಟ್ಟು, ಮೆಟ್ಟಿಲು ಹತ್ತಿದರು. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಕರೆಂಟು ಹೋದರೂ ಕಂಪ್ಯೂಟರು ಆರದಂತೆ ಕಾಯುವ ಯುಪಿಎಸ್ ನನ್ನ ಬಳಿ ಇತ್ತು. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಬದಲಾಯಿಸಮ್ಮ, ಬದಲಾಯಿಸಮ್ಮ ಎಂದು ಅವರು ಎರಡು ಸಲ ಹೇಳಿದ್ದರು. ನಾನು ಅದರ ಮೇಲೆ ಹೂವಿನ ಕುಂಡ ಇಟ್ಟುಕೊಂಡಿದ್ದೆ. ಬೈಯುವಾಗ ಅದು ನನಗೆ ನೆನಪೇ ಆಗಲಿಲ್ಲ... ಅಥವಾ ಆಗಿತ್ತೋ ಏನೋ.

ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಫೋನ್ ಮಾಡಿ ಆಗಲಿಲ್ಲ ಎಂದು ಹೇಳಿಬಿಡೋಣ ಎಂದು ಮೊಬೈಲು ಹಿಡಿದು ಕೂತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅಂಕಲ್, ಎದೆಗವಚಿಕೊಂಡ ಕಂಪ್ಯೂಟರ್ ಪೆಟ್ಟಿಗೆಯ ಸಮೇತ. ಅದು ಅವರ ಸ್ವಂತದ್ದು, ನನ್ನದಕ್ಕಿಂತ ಹಳೆಯದು. ಮೆಟ್ಟಿಲಿಳಿದು ಏದುಸಿರು ಬರುತ್ತಿತ್ತು. ನನ್ನ ಮುಖ ನೋಡದೆ ಒಳಗೆ ಬಂದು, ನನ್ನ ಪೆಟ್ಟಿಗೆ ಸರಿಸಿ, ತಮ್ಮದಕ್ಕೆ ವಯರುಗಳನ್ನೆಲ್ಲ ಸಿಕ್ಕಿಸಿ, ಗುಂಡಿ ಒತ್ತಿದರು. ಹೊಸ ಸಿಸ್ಟಮ್ ಎದ್ದಿತು. ಅದರಲ್ಲಿ ಪ್ರೆಸ್ಸಿನ ವೆಬ್‌ಸೈಟು ತೆರೆಯಿತು. ಬೇರೆಲ್ಲೂ ಓಡದು ಎಂದುಕೊಂಡಿದ್ದ ನನ್ನ ಹಳೆ ಟೈಪಿಂಗ್ ಸಾಫ್ಟ್‌ವೇರನ್ನೂ ಅದರಲ್ಲಿ ಓಡುವಂತೆ ಮಾಡಿದ್ದರು. ನನ್ನ ಫೈಲುಗಳು, ಕ್ಯಾಲೆಂಡರಿನ ಹನ್ನೆರಡೂ ಪುಟ ಅಲ್ಲೇ ಇದ್ದವು. ಮೊದಲ ದಿನವೇ ಎಲ್ಲವನ್ನೂ ತಮ್ಮದಕ್ಕೆ ಕಾಪಿ ಮಾಡಿಟ್ಟುಕೊಂಡಿದ್ದರಂತೆ.

"ಫಸ್ಟು ಎಲ್ಲಾನೂ ನಂದ್ರಲ್ಲೇ ಮಾಡಿ ನೋಡ್ತಿದ್ದೆ ಕಣಮ್ಮ. ನಿಂದು ಹಾಳಾದ್ರೆ ನಿನ್ ಕೆಲಸ ನಿಲ್ಲುತ್ತಲ್ಲ. ಕಳಿಸು, ಟೈಮಾಯ್ತು."

ಮೂರು ವಾರ ಅವರು ಮಹಡಿಯ ಮೇಲೆ ಏನು ಮಾಡುತ್ತಿದ್ದರು ಎನ್ನುವುದು ಆಗ ತಿಳಿಯಿತು. ಫೈಲುಗಳನ್ನು ಒಂದೊಂದಾಗಿ ಹಾಕತೊಡಗಿದೆ. ಡಿಸೆಂಬರ್ ಪುಟ ಹೋಗಿ ಹಸಿರು ಗುರುತು ಬಿದ್ದ ಮೇಲೆ ತಲೆಯೆತ್ತಿ ಗಡಿಯಾರ ನೋಡಿದೆ. ಹತ್ತೂ ಹತ್ತು. ಶನಿವಾರ. ಅಂಕಲ್ ಬಾಗಿಲು ತಟ್ಟಿದಾಗ ಒಂಬತ್ತೂವರೆ. ನಾನು ಎದ್ದು ಕಾಫಿ ತಂದೆ. ಅವರು ಕಾಫಿ ಕುಡಿದು, ನನ್ನ ಸತ್ತ ಪೆಟ್ಟಿಗೆಯನ್ನು ಎತ್ತಿಕೊಂಡು ಮೇಲೆ ಹೋದರು.

ಹತ್ತು ದಿನದಲ್ಲಿ ಅದನ್ನು ಸರಿಮಾಡಿದರು. ವಾಪಸ್ ತಗೊಳ್ಳಿ ಅಂಕಲ್ ಎಂದು ಎಷ್ಟು ಹೇಳಿದರೂ ತಮ್ಮದನ್ನು ಒಯ್ಯಲಿಲ್ಲ. ಇಲ್ಲಿ ಎಲ್ಲ ಕೂತುಬಿಟ್ಟಿದೆ, ಅಲುಗಿಸಬೇಡ ಎಂದು ನನ್ನದನ್ನೇ ಮೇಲೆ ಇಟ್ಟುಕೊಂಡರು. ನಾನು ಥ್ಯಾಂಕ್ಸ್ ಹೇಳಿದೆ, ಹಬ್ಬಕ್ಕೆ ಹೋಳಿಗೆ ಕೊಟ್ಟೆ, ಆಯುಧಪೂಜೆಗೆ ಅವರ ಸ್ಕೂಟರಿಗೆ ಹಾರ ತಂದೆ. ತಪ್ಪಾಯ್ತು ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಹೇಳಿದರಾಯಿತು ಎಂದುಕೊಂಡೇ ಇದ್ದೆ. ಎರಡು ವರ್ಷದ ಹಿಂದೆ ಹಾಲು ತರಲು ಹೋದವರು ಗೇಟಿನ ಹತ್ತಿರ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಆಂಟಿ ನನ್ನ ಪಕ್ಕ ಕೂತು ಹೇಳಿದರು. "ಅವತ್ತು ಬೆಳಿಗ್ಗೆ ಕಂಪ್ಯೂಟರ್ ಹೊತ್ಕೊಂಡು ಹೊರಟಾಗ, ಹತ್ತೂವರೆ ಆಗ್ಲಿ, ಆಮೇಲೆ ತಗೊಂಡೋಗಿ ಅಂದೆ ಕಣೇ. ಅವಳು ಹನ್ನೊಂದರೊಳಗೆ ಕಳಿಸ್ಬೇಕು, ನನ್ನಿಂದ ಇನ್ನೊಂದು ಸಲ ಅವಳಿಗೆ ತೊಂದ್ರೆ ಆಗ್ಬಾರ್ದು ಅಂದ್ರು. ನಲವತ್ತು ವರ್ಷದಲ್ಲಿ ಅದೊಂದೇ ಸಲ, ನನ್ ಮಾತೂ ಕೇಳ್ಲಿಲ್ಲ, ಕ್ಯಾಲೆಂಡರ್ ಮಾತೂ ಕೇಳ್ಲಿಲ್ಲ."

ಈಗ ನನ್ನ ಮುಂದಿರುವುದು ಅವರ ಆ ಪೆಟ್ಟಿಗೆಯೇ. ತಕ್ಕುದಲ್ಲವಂತೆ! ಯಾರನ್ನೂ ಕರೆಸಲಿಲ್ಲ. ಮೂರು ವಾರ ಪಕ್ಕದಲ್ಲಿ ಕೂತು ಗೊಣಗುತ್ತಾ ನೋಡಿದ್ದರಿಂದ ನನಗೂ ಅಷ್ಟಿಷ್ಟು ಬರುತ್ತದೆ. ಫೈಲುಗಳನ್ನು ಬೇರೆ ಕಡೆ ಇಳಿಸಿಕೊಂಡೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಅದೇ ಸೆಂಟ್ ರಬ್ಬರಿನಲ್ಲಿ ರ್ಯಾಮ್ ಪಟ್ಟಿಯನ್ನು ಉಜ್ಜಿ ಕೂರಿಸಿದೆ. ಹೊಸ ಸಿಸ್ಟಮ್ ತುಂಬಿದ ಪೆನ್ ಡ್ರೈವ್ ಸಿಕ್ಕಿಸಿ, ಕಂಪ್ಯೂಟರ್ ತಕ್ಕುದೋ ಅಲ್ಲವೋ ಎಂಬ ಅದರ ತಪಾಸಣೆ ತಪ್ಪಿಸುವ ಅಂಕಲ್ ದಾರಿಯನ್ನೇ ಹಿಡಿದು, ಎಂಟರ್ ಒತ್ತಬೇಕು ಎನ್ನುವಾಗ ಗಡಿಯಾರ ನೋಡಿದೆ. ಒಂಬತ್ತೂ ಐದು. ಇವತ್ತೂ ಶನಿವಾರ.

ಥೂ, ಎಂದುಕೊಂಡೆ. ಬೆರಳು ಮಾತ್ರ ಮುಂದೆ ಹೋಗಲಿಲ್ಲ. ಸೋಮವಾರ ಪ್ರೆಸ್ಸಿಗೆ ಕೊಡುವ ಕೆಲಸ ಕುತ್ತಿಗೆಗೆ ಬಂದಿದೆ, ಆದರೂ ನೋಟ್‌ಬುಕ್ಕು ಪೆನ್ನು ತಂದು ಕೂತು ಇದನ್ನೆಲ್ಲ ಬರೆದೆ. ನಡುವೆ ಆಂಟಿ ಕೊತ್ತಂಬರಿ ಸೊಪ್ಪು ಕೇಳಿಕೊಂಡು ಇಳಿದು ಬಂದವರು, ಬಿಚ್ಚಿದ ಪೆಟ್ಟಿಗೆಯನ್ನೂ ಗಡಿಯಾರವನ್ನೂ ನನ್ನನ್ನೂ ನೋಡಿದರು.

"ಯಾಕೇ, ಸುಮ್ನೆ ಕೂತಿದೀಯಾ? ಎಷ್ಟೊತ್ತಾಗುತ್ತೆ?"

"ಇನ್ನು ಹತ್ತೇ ನಿಮಿಷ, ಆಂಟಿ."

ಅವರು ಸೊಪ್ಪು ಮರೆತು ಕುರ್ಚಿ ಎಳೆದುಕೊಂಡು ಕೂತರು. ಇಬ್ಬರೂ ಗಡಿಯಾರ ನೋಡುತ್ತಿದ್ದೇವೆ. ಹತ್ತು ಇಪ್ಪತ್ತೊಂಬತ್ತು... ಹತ್ತೂವರೆ. ತಪ್ಪಾಯ್ತು, ಅಂಕಲ್. ಒತ್ತುತ್ತಿದ್ದೇನೆ.