ಆರು ಜನರ ಒಪ್ಪತ್ತು ಹೊತ್ತವರು

ಹೋದ ವಾರ ನಾಗಮಂಗಲದಲ್ಲಿ ರಕ್ತದಾನ ಶಿಬಿರವಿತ್ತು. ಮೆಟ್ಟಿಲು ಹತ್ತುವಾಗಲೇ ಉಪ್ಪಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ದಪ್ಪ ರವೆ, ಕರಿಬೇವು, ಸ್ವಲ್ಪ ತಳ ಹಿಡಿದ ಘಾಟು. ಉಪ್ಪಿಟ್ಟು ಅಂದರೆ ಬೇರೆಯವರು 'ಅಯ್ಯೋ, ಇವತ್ತೂ ಅದೇನಾ' ಎಂದು ಮೂತಿ ತಿರುಗಿಸುತ್ತಾರೆ. ನನಗೆ ಮಾತ್ರ ಆ ಒಂದು ದಿನ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಆಸ್ಪತ್ರೆಯ ಉದ್ದನೆಯ ಕಾರಿಡಾರು, ನೀಲಿ ತುಟಿಯ ನನ್ನ ಮಗಳು, ಗೋಡೆಗೆ ಒರಗಿ ಬೆವರುತ್ತಾ ಕೂತಿದ್ದ ಗೊಬ್ಬರದಂಗಡಿಯಣ್ಣ...

ಪಾಂಡವಪುರದಲ್ಲಿ ಅವರದು ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಹೆಸರು ಹಿಡಿದು ಯಾರೂ ಕರೆದದ್ದು ನಾನು ಕೇಳಿಲ್ಲ. ಅವರೂ ಸೇರಿ ನಡೆಸುತ್ತಿದ್ದ ಟ್ರಸ್ಟಿನ ಬೋರ್ಡಿನ ಮೇಲೆ ಟ್ರಸ್ಟಿಗಳ ಹೆಸರು ಬರೆಸೋಣ ಎಂದು ಯಾರೋ ಅಂದದ್ದಕ್ಕೆ, "ನಾನೇನು ಎಲೆಕ್ಷನ್‌ಗೆ ನಿಂತಿದೀನೇನ್ಲಾ?" ಎಂದು ಗದರಿದ್ದರಂತೆ. ಮಾತೆಲ್ಲ ಹಾಗೆಯೇ. ಬಾಯಿ ಬಿಟ್ಟರೆ ಬೈಗುಳ.

ನಾನು ಹುಟ್ಟಿದ್ದು ಬಿಂಡಿಗನವಿಲೆಯಲ್ಲಿ, ಮಳೆ ಬಂದರೆ ಉಂಟು, ಇಲ್ಲದಿದ್ದರೆ ಕುರಿ ಉಂಟು ಅನ್ನುವ ಕಡೆ. ಅರಕೆರೆಗೆ ಸೊಸೆಯಾಗಿ ಬಂದಾಗ ನಮ್ಮೂರ ಹೆಂಗಸರು, "ನಾಲೆ ನೀರಿನ ಊರಿಗೆ ಬಿದ್ದೆ, ಪುಣ್ಯವಂತೆ ಕಣವ್ವ" ಎಂದಿದ್ದರು. ಮಗಳು ಹುಟ್ಟಿದ ಮೇಲೆ ಆ ಮಾತು ಯಾರೂ ಆಡಲಿಲ್ಲ. ಮೂರು ವರ್ಷದ ಕೂಸು, ನಾಲ್ಕು ಹೆಜ್ಜೆ ಓಡಿದರೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿತ್ತು. ಅತ್ತರೆ ತುಟಿ, ಉಗುರು ಎಲ್ಲ ನೇರಳೆ ಹಣ್ಣಿನ ಬಣ್ಣ. ಅತ್ತೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಮೈಸೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೃದಯದಲ್ಲಿ ಹುಟ್ಟಿನಿಂದಲೇ ತೂತಿದೆ, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ, ತಡ ಮಾಡಬೇಡಿ ಎಂದರು.

ಆಗ ಯಾರೋ ಶ್ರೀರಂಗಪಟ್ಟಣದ ಟೈಲರಮ್ಮನ ಹತ್ತಿರ ಕಳಿಸಿದರು. ಇಂಥ ಮಕ್ಕಳ ಮನೆಯವರಿಗಾಗಿ ನಾಲ್ಕು ಜನ ಸೇರಿ ಒಂದು ಸಣ್ಣ ಟ್ರಸ್ಟು ಮಾಡಿಕೊಂಡಿದ್ದರು. ತಾಲ್ಲೂಕಿಗೊಬ್ಬರು. ಶ್ರೀರಂಗಪಟ್ಟಣಕ್ಕೆ ಈ ಟೈಲರಮ್ಮ, ನಾಗಮಂಗಲಕ್ಕೆ ಒಬ್ಬ ರಿಟೈರಾದ ಮೇಷ್ಟ್ರು, ಕೆ.ಆರ್. ಪೇಟೆಗೆ ಮೆಟಡಾರ್ ವ್ಯಾನು ಇಟ್ಟಿದ್ದವರೊಬ್ಬರು, ಪಾಂಡವಪುರಕ್ಕೆ ಗೊಬ್ಬರದಂಗಡಿಯಣ್ಣ. ಆಫೀಸು ಅಂತ ಇರಲಿಲ್ಲ. ಅಂಗಡಿಯ ಹಿಂದೆ ಯೂರಿಯಾ ಮೂಟೆಗಳ ಮೇಲೆ ಕೂತು ಮೀಟಿಂಗು. ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅಳುತ್ತಿದ್ದೇನೆ ಎಂದುಕೊಂಡು ಟೈಲರಮ್ಮ ಬೆನ್ನು ಸವರಿದರು.

ಗೊಬ್ಬರದಂಗಡಿಯಣ್ಣ ಸಮಾಧಾನದ ಒಂದು ಮಾತೂ ಆಡಲಿಲ್ಲ. ಆಪರೇಷನ್ನಿನ ದಿನ ಯಾವುದೆಂದು ಕೇಳಿದರು, ಅಷ್ಟೆ. "ಡೇಟ್ ಕೊಟ್ಟವ್ರಲ್ಲ, ಭೂಮಿ ತಲೆಕೆಳ್ಗಾದ್ರೂ ಅದನ್ನ ತಪ್ಪಿಸ್ಬ್ಯಾಡಿ. ತಪ್ಪಿಸುದ್ರೆ ನನ್ ಅಂಗ್ಡಿ ಮೆಟ್ಲು ಅತ್ಬ್ಯಾಡಿ."

ಇದ್ಯಾವ ಸೀಮೆ ಸಹಾಯವಪ್ಪ, ಬೈಸಿಕೊಂಡು ಪಡೆಯೋದು, ಎಂದು ನನಗೆ ಸಿಟ್ಟು ಬಂದಿತ್ತು. ಹೊರಗೆ ಬಂದ ಮೇಲೆ ಟೈಲರಮ್ಮ ಹೇಳಿದರು. ಅಣ್ಣನಿಗೂ ಒಬ್ಬ ಮಗನಿದ್ದ, ನನ್ನ ಮಗಳಂಥದೇ ಹೃದಯ. ಆಪರೇಷನ್ನಿನ ದಿನ ರಕ್ತ ಕೊಡುತ್ತೇವೆ ಎಂದ ನೆಂಟರು ಬರಲಿಲ್ಲ. ದಿನ ಮುಂದಕ್ಕೆ ಹೋಯಿತು. ಮುಂದಿನ ದಿನ ಬರುವಷ್ಟರಲ್ಲಿ ಮಗು ಇರಲಿಲ್ಲ. "ಅದುಕ್ಕೇ ಟ್ರಸ್ಟಲ್ಲಿ ರಕ್ತದ ಕೆಲ್ಸ ಬ್ಯಾರೆ ಯಾರ್ಗೂ ಬುಟ್ಕೊಡಲ್ಲ ಅವ್ರು," ಎಂದರು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಆಪರೇಷನ್ನಿಗೆ ಅದೇ ದಿನ ತೆಗೆದ ಹೊಸ ರಕ್ತ ಬೇಕಾಗಿತ್ತು. ಅಣ್ಣ ಸ್ಕೂಟರಿನಲ್ಲಿ ಅರಕೆರೆಗೆ ಬಂದು, ಹಾಲು ಹಾಕುವ ಹೊತ್ತಿಗೆ ಡೇರಿ ಮುಂದೆ ನಿಂತುಬಿಟ್ಟರು. ಕೋಣನನ್ನು ಕೊಂಬು ಹಿಡಿದು ನಿಲ್ಲಿಸುವ ಗಂಡಸರು ಸೂಜಿ ಅಂದ ಕೂಡಲೇ ಹಾಲಿನ ಕ್ಯಾನಿನ ಹಿಂದೆ ಸರಿದರು. ಬೈದು, ಹಂಗಿಸಿ, ಗುಂಪು ಪರೀಕ್ಷೆ ಮಾಡಿಸಿ ಕೊನೆಗೆ ಆರು ಜನರನ್ನು ಗೊತ್ತುಮಾಡಿದರು. ಆ ಆರು ಜನಕ್ಕೆ ನನ್ನ ಗಂಡನ ಅಣ್ಣ, ದೊಡ್ಡ ಭಾವ, ಮುಂದಾಳು.

"ರಕ್ತ ಕೊಡೋ ಮುಂಚಿನ್ ದಿನ ಎಂಡ ಗಿಂಡ ಅಂತ ಏನಾರ ಮುಟ್ಟುದ್ರೋ, ಸಿಗ್ದಾಕ್ಬುಡ್ತೀನಿ," ಎಂದು ಹೇಳಿ ಹೋದರು. ತಿಂಡಿ ತಿಂದು ಬನ್ನಿ ಎಂದು ಹೇಳಲಿಲ್ಲ. ಮುದ್ದೆ ನುಂಗದೆ ಗದ್ದೆಗೆ ಇಳಿಯದ ಜನಕ್ಕೆ ಅದನ್ನೂ ಹೇಳಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಸೋಮವಾರ ಆಪರೇಷನ್. ನಾನೂ ನನ್ನ ಗಂಡನೂ ಮಗುವಿನ ಜೊತೆ ಮೊದಲೇ ಆಸ್ಪತ್ರೆ ಸೇರಿದ್ದೆವು. ಬೆಳಿಗ್ಗೆ ಗೇಟಿನ ಹತ್ತಿರ ಮೆಟಡಾರ್ ಬಂದು ನಿಂತಾಗ ನನಗೆ ಹೋದ ಜೀವ ಬಂದಂತಾಯಿತು. ಆರು ಜನವೂ ಮಿಂದು, ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದರು. ಎಷ್ಟು ಚೆನ್ನಾಗಿ ಬಂದಿದ್ದಾರಲ್ಲಪ್ಪ ಎಂದುಕೊಂಡೆನೇ ಹೊರತು ಯಾಕೆ ಎಂದು ಯೋಚಿಸಲಿಲ್ಲ. ಅಣ್ಣ ಕೆಳಗಿಳಿದವರೇ ಜೇಬಿನಿಂದ ಮಾತ್ರೆ ತೆಗೆದು ನೀರು ಕುಡಿದರು. ಅವರಿಗೆ ಸಕ್ಕರೆ ಕಾಯಿಲೆ. "ಇವ್ರ ಒಳಿಕ್ಕೆ ಕಳ್ಸಿ ನಾನು ತಿಂಡಿ ತಿಂತೀನಿ ಕಣವ್ವ. ಮಾತ್ರೆ ನುಂಗ್ಬುಟ್ಟು ಬರೀ ಒಟ್ಟೇಲಿದ್ರೆ ಬಿದ್ದೇ ಓಯ್ತೀನಿ," ಎಂದು ನನಗೆ ಹೇಳಿದರು.

ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ತಿಂಡಿ ತಿಂದು ಎಷ್ಟು ಹೊತ್ತಾಯಿತು ಎಂದು ಕೇಳಿದಳು.

ದೊಡ್ಡ ಭಾವ ಎದೆ ಸೆಟೆಸಿ ಹೇಳಿದರು: "ರಾತ್ರಿಯಿಂದ ಬಾಯ್ಗೆ ತೊಟ್ಟು ನೀರೂ ಬುಟ್ಟಿಲ್ಲ ಕಣಮ್ಮ. ಆರೂ ಜನ ಮಡೀಲೇ ಬಂದಿದೀವಿ."

ಅವಳು ಪೆನ್ನು ಕೆಳಗಿಟ್ಟಳು. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುವ ಹಾಗಿಲ್ಲ, ತಿಂದು ಬನ್ನಿ, ಬೇಗ ಬನ್ನಿ, ಹೊತ್ತಿಗೆ ಸರಿಯಾಗಿ ರಕ್ತ ಸಿಗದಿದ್ದರೆ ಇವತ್ತಿನ ಆಪರೇಷನ್ ನಿಲ್ಲಿಸುತ್ತಾರೆ, ಮತ್ತೆ ದಿನ ಸಿಗಲು ತಿಂಗಳುಗಟ್ಟಲೆ ಆಗಬಹುದು ಎಂದಳು.

ಅಣ್ಣನ ಮುಖ ನೋಡಬೇಕಿತ್ತು. ಬಣ್ಣವೇ ಇಳಿದುಹೋಯಿತು. "ಲೇ, ಯಾವನ್ಲಾ ನಿಮ್ಗೆ ಉಪಾಸ ಇರಿ ಅಂದವ್ನು? ನಡೀರ್ಲಾ ಕ್ಯಾಂಟೀನ್‌ಗೆ!"

ಒಬ್ಬರೂ ಕದಲಲಿಲ್ಲ. ದೊಡ್ಡ ಭಾವ ಮುಂಗೈ ಚಾಚಿ ತೋರಿಸಿದರು. ಅರಿಶಿನದ ದಾರದ ಕಂಕಣ. ಆರು ಜನರ ಕೈಯಲ್ಲೂ ಇತ್ತು. ಹಿಂದಿನ ದಿನ ಊರ ಅಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚಿ ಕಟ್ಟಿಸಿಕೊಂಡಿದ್ದರು.

"ಯಜಮಾನ್ರೆ, ಕ್ವಾಪ ಮಾಡ್ಕಬ್ಯಾಡಿ," ಎಂದರು ಭಾವ. "ಮಗೀಗೆ ರಕ್ತ ಕೊಡದು ಅಂದ್ರೆ ಸುಮ್ಕೆ ಮಾತಾ? ಉಂಡ್ಬುಟ್ಟು, ತೇಗ್ಬುಟ್ಟು ಕೊಡಕಾಯ್ತದಾ? ಮಗೀನ ಎದೇಗೆ ಒಲ್ಗೆ ಆಕೋಗಂಟ ಏನೂ ಮುಟ್ಟಲ್ಲ ಅಂತ ಅಮ್ಮನ ಮುಂದೆ ಮಾತು ಕೊಟ್ಬುಟ್ಟಿದೀವಿ. ಈಗ ತಿಂದು, ಒಳ್ಗೆ ಮಗೀಗೆ ಏನಾರ ಆದ್ರೆ? ನಾವು ಊರ್ಗೆ ಎಂಗೋಗನ?"

ತಿನ್ನಿ ಎಂದು ಅವರ ಕಾಲು ಹಿಡಿಯೋಣ ಅನ್ನಿಸಿತು. ತಿಂದರೆ ಅಮ್ಮ ಮುನಿಯುತ್ತಾಳಲ್ಲ ಎಂದೂ ಹೆದರಿಕೆಯಾಯಿತು. ನಾನೂ ಆ ಗುಡಿಯ ಕುಂಕುಮ ಇಟ್ಟುಕೊಂಡು ಬಂದವಳೇ. ಮೇಲಿನ ಮಹಡಿಯಲ್ಲಿ ನನ್ನ ಕೂಸಿಗೆ ಹಸಿರು ಅಂಗಿ ತೊಡಿಸಿ ತಲೆಗೂದಲು ಕಟ್ಟುತ್ತಿದ್ದರು. ಗಂಡ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಗೋಡೆ ಗಡಿಯಾರ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು...

ಅಣ್ಣ ಮತ್ತೆ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕಿಟಕಿ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ತಿರುಗಿದಾಗ ಅವರ ದನಿ ಬೇರೆಯೇ ಆಗಿತ್ತು. ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಒಪ್ಪತ್ತು ಮುರೀಬ್ಯಾಡಿ ಕಣ್ರಪ್ಪ. ನಂಗೆ ಕೊಡಿ."

ಯಾರಿಗೂ ಅರ್ಥವಾಗಲಿಲ್ಲ.

"ದೇವ್ರ ಒತ್ಕಂಡು ಊರೆಲ್ಲ ತಿರ್ಗೋವಾಗ ಎಗ್ಲು ಬದ್ಲಾಯ್ಸಲ್ವಾ ನೀವು? ಒಬ್ನು ದಣುದ್ರೆ ಇನ್ನೊಬ್ನು ಎಗ್ಲು ಕೊಡಲ್ವಾ? ಅದುಕ್ಕೆ ದೇವ್ರು ಮುನಿಸ್ಕತದಾ? ಅಂಗೇ ಇದೂವೆ. ನಿಮ್ ಆರು ಜನದ್ದೂ ನಾನ್ ಒತ್ಕತೀನಿ. ಮಗೀಗೆ ಒಲ್ಗೆ ಆಕೋಗಂಟ ನಾನು ಏನೂ ಮುಟ್ಟಲ್ಲ. ಕಟ್ರಿ ನನ್ ಕೈಗೆ."

ಅಂಗಿ ತೋಳು ಮಡಚಿ ಕೈ ಚಾಚಿದರು. ನನಗೆ ಗೇಟಿನ ಹತ್ತಿರ ನುಂಗಿದ ಮಾತ್ರೆ ನೆನಪಾಗಿ, "ಅಣ್ಣೋ, ನೀವು..." ಎಂದು ಬಾಯಿ ತೆರೆದೆ. ಅವರು ನನ್ನ ಕಡೆ ಒಂದು ನೋಟ ಬೀರಿದರು. ಬಾಯಿ ಮುಚ್ಚಿಕೋ ಎನ್ನುವ ನೋಟ. ಮುಚ್ಚಿಕೊಂಡೆ.

ದೊಡ್ಡ ಭಾವ ಕಣ್ಣು ಮುಚ್ಚಿ, "ತಪ್ಪಾದ್ರೆ ನನ್ ತಲೆಗೆ ಕಟ್ಟವ್ವ," ಎಂದು ಅಮ್ಮನಿಗೆ ಹೇಳಿ ತಮ್ಮ ಕಂಕಣ ಬಿಚ್ಚಿ ಅವರ ಕೈಗೆ ಕಟ್ಟಿದರು. ಒಬ್ಬೊಬ್ಬರೇ ಕಟ್ಟಿದರು. ಆರೂ ಆದ ಮೇಲೆ ಎಂದಿನ ದನಿ ವಾಪಸ್ ಬಂತು: "ಇನ್ನೂ ಯಾಕ್ಲಾ ನಿಂತಿದೀರಿ, ಓಗಿ ತಿನ್ನಿ!" ಕ್ಯಾಂಟೀನಿನಲ್ಲಿ ಆ ಹೊತ್ತಿಗೆ ಉಪ್ಪಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಆರು ಜನ ತಲೆ ಬಗ್ಗಿಸಿಕೊಂಡು, ಕಣ್ಣೀರು ಹಾಕಿಕೊಂಡು ತಿಂದರು. ಅಣ್ಣ ಎದುರಿಗೆ ನಿಂತು, "ಇನ್ನೊಂದ್ ಪ್ಲೇಟ್ ಆಕಪ್ಪ ಇವ್ರಿಗೆ," ಎನ್ನುತ್ತಿದ್ದರು.

ರಕ್ತ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಮಗಳನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಕಾಯುವುದು ಎಂದರೆ ಏನೆಂದು ಆವತ್ತು ಗೊತ್ತಾಯಿತು. ಒಳಗೆ ನನ್ನ ಕೂಸು, ಹೊರಗೆ ಈ ಮನುಷ್ಯ. ಮಧ್ಯಾಹ್ನದ ಹೊತ್ತಿಗೆ ಅಣ್ಣನ ಹಣೆ ಮೇಲೆ ಬೆವರು ಮೂಡಿತು. ಫ್ಯಾನ್ ಕೆಳಗೆ ಕೂತವರ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಬೆರಳು ನಡುಗುವುದು ಕಾಣಬಾರದೆಂದು ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡಿದ್ದರು. ನಾನು ಬಾಳೆಹಣ್ಣು ತಂದು ಸೆರಗಿನಲ್ಲಿ ಮರೆಮಾಡಿ ಪಕ್ಕದಲ್ಲಿ ಕೂತೆ.

"ತಿನ್ನಿ ಅಣ್ಣ. ಯಾರೂ ನೋಡಲ್ಲ. ದಮ್ಮಯ್ಯ ಅಂತೀನಿ."

"ನೀನ್ ನೋಡ್ತಿದೀಯಲ್ಲವ್ವ," ಎಂದರು. "ನಂಗೆ ದೇವ್ರು ದಿಂಡ್ರು ಅಂತ ಅಷ್ಟಿಲ್ಲ. ಆ ಆರು ಜನ ನಂಬ್ಬುಟ್ಟವ್ರಲ್ಲ... ಅವತ್ತು ನನ್ ಮಗಂಗೆ ಇಂಥೋರು ಒಬ್ರೂ ಬರ್ನಿಲ್ಲ ಕಣವ್ವ. ಇವ್ರು ಉಪಾಸ ಇದ್ಕಂಡು ಬಂದವ್ರೆ," ಎಂದರು. ಮುಖ ಆ ಕಡೆ ತಿರುಗಿಸಿದರು. ನಾನು ಹಣ್ಣನ್ನು ಸೆರಗಿನಲ್ಲೇ ಹಿಡಿದುಕೊಂಡು ಅತ್ತೆ. ಮಗಳಿಗಾಗಿ ಅತ್ತೆನೋ ಅವರಿಗಾಗಿ ಅತ್ತೆನೋ ಗೊತ್ತಿಲ್ಲ.

ಸಂಜೆಗೆ ಮುಂಚೆ ಅವರ ತಲೆ ವಾಲತೊಡಗಿತು. ಮಾತ್ರೆಯ ವಿಷಯ ನಾನು ದೊಡ್ಡ ಭಾವನಿಗೆ ಹೇಳಿಬಿಟ್ಟೆ. ಭಾವ ಓಡಿಹೋಗಿ ಲೋಟದಲ್ಲಿ ಸಕ್ಕರೆ ನೀರು ಕಲಸಿಕೊಂಡು ಬಂದು ಅವರ ಮುಂದೆ ಮಂಡಿಯೂರಿದರು. "ಕುಡೀರಿ ಯಜಮಾನ್ರೆ, ಅಮ್ಮಂಗೆ ನಾನ್ ಏಳ್ಕತೀನಿ. ನಿಮ್ ಪ್ರಾಣ ಓದ್ರೆ ಆ ಪಾಪ ಯಾರ್ಗೆ?"

ಅಣ್ಣ ಹಲ್ಲು ಕಚ್ಚಿ ಬಾಗಿಲ ಕಡೆ ಕೈ ತೋರಿಸಿದರು, ಅಷ್ಟೆ. ನಾನು ಡಾಕ್ಟರನ್ನಾದರೂ ಕರೆಯೋಣ ಎಂದು ಎದ್ದೆ.

ಆ ಬಾಗಿಲು ಆಗಲೇ ತೆರೆಯಿತು. ಡಾಕ್ಟರು ಮುಖದ ಬಟ್ಟೆ ಇಳಿಸಿ, "ಆಯ್ತಮ್ಮ, ಹೊಲಿಗೆ ಹಾಕಿದ್ದೇವೆ. ಹೃದಯ ತಾನೇ ಬಡೀತಿದೆ. ಬಣ್ಣ ಚೆನ್ನಾಗಿ ಬಂದಿದೆ," ಎಂದರು. ನಾನು ಅವರಿಗೆ ಕೈ ಮುಗಿದೆ. ದೊಡ್ಡ ಭಾವ ಡಾಕ್ಟರ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣನ ಗದ್ದ ಹಿಡಿದೆತ್ತಿ ಲೋಟ ಬಾಯಿಗಿಟ್ಟರು. ಹಲ್ಲಿಗೆ ಲೋಟ ಕಟಕಟ ಬಡಿಯಿತು. ಅರ್ಧ ಅಂಗಿಗೆ, ಅರ್ಧ ಬಾಯಿಗೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರು ಆಡಿದ ಮೊದಲ ಮಾತು: "ಇಷ್ಟೊಂದ್ ಸಕ್ರೆ ಆಕಿದ್ದೀಯಲ್ಲಾ, ನಂಗೆ ಕಾಯ್ಲೆ ಐತೆ ಅಂತ ಗೊತ್ತಿಲ್ವಾ?"

ಕಾರಿಡಾರಿನಲ್ಲಿದ್ದವರೆಲ್ಲ ನಕ್ಕರು. ಭಾವ ಮಾತ್ರ ಅವರ ಪಾದ ಹಿಡಿದುಕೊಂಡು ಬಿಕ್ಕುತ್ತಿದ್ದರು.

ಅದಾದ ಮೇಲೆ ಎಷ್ಟೋ ಮಕ್ಕಳಿಗೆ ಅವರು ರಕ್ತ ಹೊಂದಿಸಿದರು. ಅರಕೆರೆಯ ಆ ಆರು ಜನ ಕರೆದಾಗಲೆಲ್ಲ ಹೋದರು, ಹೊಟ್ಟೆ ತುಂಬ ತಿಂದೇ ಹೋದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆಯುವಾಗಲೇ ಅಣ್ಣ ಕುಸಿದರಂತೆ. ಅವರದೂ ಹೃದಯವೇ. ಯಾವ ರಕ್ತಕ್ಕೂ, ಯಾವ ಡೇಟಿಗೂ ಸಮಯ ಕೊಡದೆ ಹೋಗಿಬಿಟ್ಟರು...

ನಾನು ಅಷ್ಟೊತ್ತಿಗೆ ಶಾಲೆಗೆ ಹೋಗುತ್ತಿದ್ದ ಮಗಳನ್ನು ಕರೆದುಕೊಂಡು ಪಾಂಡವಪುರಕ್ಕೆ ಹೋದೆ. ಅಂಗಡಿ ಮುಂದೆ ಚಪ್ಪರ, ಒಳಗೆ ಅದೇ ಗೊಬ್ಬರದ ಘಾಟು. ಮಣ್ಣು ಮುಗಿಸಿ ಬಂದವರಿಗೆ ಪಕ್ಕದ ಮನೆಯವರು ಉಪ್ಪಿಟ್ಟು ಮಾಡಿ ಕೊಡುತ್ತಿದ್ದರು. ಚಪ್ಪರದ ಕೊನೆಯಲ್ಲಿ ಅರಕೆರೆಯ ಆರು ಜನ ಸಾಲಾಗಿ ಕೂತಿದ್ದರು. ಮಿಂದು, ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ. ಮುಂದೆ ಇಟ್ಟ ತಟ್ಟೆಗಳನ್ನು ಒಬ್ಬರೂ ಮುಟ್ಟಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಆರು ಜನರ ಮುಂಗೈಯಲ್ಲೂ ಅರಿಶಿನದ ದಾರವಿತ್ತು.

"ಊರಿಂದ ಬಂದಿದೀರಿ, ಒಸಿ ತಿನ್ನಿ ಭಾವ," ಎಂದೆ.

ದೊಡ್ಡ ಭಾವ ತಲೆಯಾಡಿಸಿದರು. "ಅವತ್ತು ನಮ್ ಒಪ್ಪತ್ತ ಅವ್ರು ಒತ್ಕಂಡ್ರು ಕಣವ್ವ. ಅವ್ರ ಎಗ್ಲು ಓಯ್ತಲ್ಲ, ಇವತ್ತು ನಾವ್ ಒತ್ಕೊಬ್ಯಾಡ್ವಾ?"

ನನ್ನ ಮಗಳು ಹೋಗಿ ಅವರ ಸಾಲಿನಲ್ಲಿ ಕೂತಳು. ತನ್ನ ಮುಂದೆ ಇಟ್ಟ ತಟ್ಟೆಯನ್ನು ಅವಳೂ ಪಕ್ಕಕ್ಕೆ ಸರಿಸಿದಳು.

ಈಗ ಟ್ರಸ್ಟಿನಲ್ಲಿ ರಕ್ತದ ಕೆಲಸ ಅವಳದೇ. ಹೋದ ವಾರವೂ ಶಿಬಿರದ ಬಾಗಿಲಲ್ಲಿ ನಿಂತು, ಬಂದ ಹುಡುಗರನ್ನೆಲ್ಲ, "ತಿಂಡಿ ಆಯ್ತೇನ್ರೋ? ತಿನ್ನದೆ ಒಳಗೆ ಕಾಲಿಟ್ರೆ ನೋಡಿ!" ಎಂದು ಗದರುತ್ತಿದ್ದಳು. ಅದೇ ದನಿ, ಅದೇ ಗತ್ತು. ನನ್ನ ಕೈಗೂ ಒಂದು ತಟ್ಟೆ ಉಪ್ಪಿಟ್ಟು ಕೊಟ್ಟು ಹೋದಳು. ಗೋಡೆಗೆ ಒರಗಿ ಕೂತೆ. ಅವತ್ತು ಸೆರಗಿನಲ್ಲಿ ಹಿಡಿದೇ ಉಳಿದ ಬಾಳೆಹಣ್ಣು ನೆನಪಾಗಿ ಎತ್ತಿದ ತುತ್ತನ್ನು ಮತ್ತೆ ತಟ್ಟೆಗಿಟ್ಟೆ. ಅಷ್ಟು ಜನರನ್ನು ತಿನ್ನಿ, ತಿನ್ನಿ ಎಂದು ಬೈದು ತಿನ್ನಿಸಿದ ಆ ಮನುಷ್ಯನಿಗೆ ನನ್ನಿಂದ ಒಂದು ದಿನವೂ ಒಂದು ತುತ್ತು ಬಡಿಸಲಾಗಲಿಲ್ಲ.