ಗೋಡೆಗೆ ಬೆನ್ನು ಮಾಡಿದ ರಾಣಿ

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ, ಮೊಮ್ಮಗ ಗೆದ್ದು ತಂದ ಕ್ರಿಕೆಟ್ ಕಪ್ಪಿಗೂ ನಮ್ಮ ಯಜಮಾನರ ನಿವೃತ್ತಿಯ ದಿನ ಕೊಟ್ಟ ಗಡಿಯಾರಕ್ಕೂ ನಡುವೆ, ಹೆಬ್ಬೆರಳುದ್ದದ ಕಾಗದದ ಗೊಂಬೆಯೊಂದು ನಿಂತಿದೆ. ಅದರ ಕೆಂಪು ಮಾಸಿ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ಕಣ್ಣು ಮೂಗು ಮೊದಲೂ ಇರಲಿಲ್ಲ. ಎದೆಯ ಮೇಲೆ ಅಡ್ಡಡ್ಡ ಮಡಿಸಿದ ಕೊರಳಪಟ್ಟಿಯನ್ನು ನೋಡಿಯೇ ಮುಂದು ಯಾವುದು, ಹಿಂದು ಯಾವುದು ಎಂದು ತಿಳಿಯಬೇಕು. ದೇವರಾಜ ಅರಸು ಬಡಾವಣೆಯ ಈ ಮನೆಗೆ ಬಂದವರು ಮೊದಲು ಕಪ್ಪಿನ ಬಗ್ಗೆ ಕೇಳುತ್ತಾರೆ, ಆಮೇಲೆ ಗೊಂಬೆಯ ಬಗ್ಗೆ. "ಜಪಾನಿನದು" ಎಂದರೆ, ಮಗ ಹೋಗಿದ್ದನೇ ಎನ್ನುತ್ತಾರೆ. ಯಾರೂ ಎಲ್ಲಿಗೂ ಹೋಗಿರಲಿಲ್ಲ, ನೋಡಿ. ಜಪಾನೇ ನಮ್ಮ ಮನೆಗೆ ಬಂದಿತ್ತು, ಅದೂ ಊಟಕ್ಕೆ. ಗೊಂಬೆ ಹುಟ್ಟಿದ್ದು ಇಲ್ಲಿಯೇ, ಚೌಕಿಪೇಟೆಯ ಅಂಗಡಿಯಿಂದ ತಂದ ಗಾಳಿಪಟದ ಕಾಗದದಲ್ಲಿ.

ಅರವತ್ತರ ದಶಕದ ನಡುವಿನ ಮಾತು. ದಾವಣಗೆರೆಯಲ್ಲಿ ಆಗ ಗಡಿಯಾರವಿಲ್ಲದ ಮನೆಗಳೂ ಮಿಲ್ಲಿನ ಸೈರನ್ನಿಗೆ ಏಳುತ್ತಿದ್ದವು, ಸೈರನ್ನಿಗೆ ಉಣ್ಣುತ್ತಿದ್ದವು. ಅಪ್ಪ ಹತ್ತಿಯ ಮಿಲ್ಲೊಂದರಲ್ಲಿ ಫಿಟ್ಟರ್. ಆ ವರ್ಷ ಮಿಲ್ಲಿಗೆ ಜಪಾನಿನಿಂದ ನೂಲುವ ಯಂತ್ರಗಳು ಬಂದವು. ಅವನ್ನು ಕೂಡಿಸಿಕೊಡಲು ಇಂಜಿನಿಯರೊಬ್ಬ, ಅವನೊಂದಿಗೆ ಹೆಂಡತಿ, ಐದು ವರ್ಷದ ಮಗಳು ಮಿಚಿ ಬಂದು ನಮ್ಮ ಓಣಿಯ ಪಕ್ಕದ ಮಿಲ್ಲಿನ ಗೆಸ್ಟ್‌ಹೌಸಿನಲ್ಲಿ ಇಳಿದರು. ಆ ಹೆಂಗಸಿನ ಹೆಸರು ನಮ್ಮ ನಾಲಿಗೆಗೆ ಒಗ್ಗದೆ ಇಡೀ ಓಣಿ ಆಕೆಯನ್ನು 'ಜಪಾನಮ್ಮ' ಎಂದು ಕರೆಯಿತು, ಆಕೆಯೂ ತಲೆಬಾಗಿ ಓಗೊಟ್ಟಳು. ಶಿಕ್ಷಕಿಯ ತರಬೇತಿಯ ಮೊದಲ ವರ್ಷದಲ್ಲಿದ್ದ ನಮ್ಮಕ್ಕನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿದ್ದುದರಿಂದ, ಮಾತು ದಾಟಿಸುವ ಕೆಲಸ ಅವಳ ಪಾಲಿಗೆ ಬಂತು. ಇಬ್ಬರದೂ ಅರೆಬರೆ ಇಂಗ್ಲಿಷ್. ಎರಡು ಅರೆಗಳು ಕೂಡಿ ಹೇಗೋ ಒಂದು ಮಾತಾಗುತ್ತಿತ್ತು.

ಮಾಘದ ಒಂದು ಮಧ್ಯಾಹ್ನ ನಾವೆಲ್ಲ ಮಂಡಕ್ಕಿ ಭಟ್ಟಿಯ ಮುಂದೆ ಹಾದುಹೋಗುತ್ತಿದ್ದೆವು. ಕಾದ ಮರಳಿನಲ್ಲಿ ಅಕ್ಕಿ ಚಿಟಿಚಿಟಿ ಅರಳಿ ಮಂಡಕ್ಕಿಯಾಗುವುದನ್ನು ಕಂಡು ಜಪಾನಮ್ಮ ನಿಂತಲ್ಲೇ ನಿಂತಳು, ಒಂದು ಹಿಡಿ ಬಾಚಿಕೊಂಡು ನಕ್ಕಳು, ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಮೂರನೆಯ ತಿಂಗಳಿನ ಮೂರನೆಯ ದಿನ ಅವರಲ್ಲಿ 'ಹಿನಾ ಮತ್ಸುರಿ' ಎಂಬ ಹೆಣ್ಣುಮಕ್ಕಳ ಹಬ್ಬವಂತೆ. ಮೆಟ್ಟಿಲು ಕಟ್ಟಿ ರಾಜ–ರಾಣಿಯರ ಗೊಂಬೆ ಕೂರಿಸಿ, ಬಣ್ಣದ ಸಕ್ಕರೆ ಹತ್ತಿಸಿದ ಅರಳಕ್ಕಿಯನ್ನು ಅವುಗಳ ಮುಂದಿಟ್ಟು, ಮನೆಯವರೆಲ್ಲ ಕೂಡಿ ಉಣ್ಣುವರಂತೆ. ಪರದೇಶದಲ್ಲಿ ಏನೂ ಸಿಗದೆಂದು ಈ ವರ್ಷ ಅದನ್ನು ಬಿಟ್ಟುಬಿಡುವ ಮನಸ್ಸು ಮಾಡಿದ್ದಳಂತೆ. ಅಕ್ಕ ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ಅಪ್ಪನ ತಾಯಿ, ನಮ್ಮ ಅಜ್ಜಿ, ತೀರ್ಪು ಕೊಟ್ಟೇಬಿಟ್ಟಳು.

"ಹೆಣ್ಮಕ್ಕಳ ಹಬ್ಬ ಬಿಡಬಾರ್ದು. ಆ ಗೆಸ್ಟ್‌ಹೌಸಿನಾಗೆ ಅಡುಗಿ ಮಾಡೋನು ಗಂಡಸು, ಅಲ್ಲೇನು ಹಬ್ಬ ಆಗ್ತೈತೆ? ನಮ್ಮನ್ಯಾಗ ಮಾಡು ಅಂತ ಹೇಳು."

ಹೀಗೆ ಮಾರ್ಚ್ ಮೂರರ ಗುರುವಾರ ನಮ್ಮ ಪಡಸಾಲೆಯ ಬೆಂಚಿನ ಮೇಲೆ ಟ್ರಂಕು, ಟ್ರಂಕಿನ ಮೇಲೆ ಮಣೆ ಏರಿ, ಮೇಲೆ ಅಮ್ಮನ ಕೆಂಪು ಇಳಕಲ್ ಸೀರೆ ಹಾಸಿ ಸಿಂಹಾಸನ ಸಿದ್ಧವಾಯಿತು. ಜಪಾನಮ್ಮ ತವರಿನಿಂದ ಬಂದ ಮರದ ಪೆಟ್ಟಿಗೆಯಿಂದ ಗೇಣುದ್ದದ ರಾಜನನ್ನೂ ರಾಣಿಯನ್ನೂ ತೆಗೆದು ಕೂರಿಸಿ, ಮಿಚಿ, ಅಕ್ಕ, ನಾನು ಎಂದು ಮೂವರು ಹುಡುಗಿಯರ ಲೆಕ್ಕಕ್ಕೆ ಮೂರು ಕಾಗದದ ಗೊಂಬೆ ಮಡಿಸಿಟ್ಟಳು. ಅವರಲ್ಲಿ ಇಡುವ ಪೀಚ್ ಹೂವಿನ ಬದಲಿಗೆ ಕಣಗಿಲೆ ಬಂತು. ಅಡುಗೆಮನೆಯಲ್ಲಿ ಮಾತ್ರ ಸ್ವಲ್ಪ ಗಡಿಬಿಡಿ. ನಮ್ಮದು ಮೀನು–ಮೊಟ್ಟೆ ಮುಟ್ಟದ ಮನೆ, ಅವರ ಹಬ್ಬದ ಅನ್ನಕ್ಕೆ ಎರಡೂ ಬೇಕು. ಅಮ್ಮ ಕಡಲೆಹಿಟ್ಟಿನ ದೋಸೆ ಹುಯ್ದು ಎಳೆಎಳೆಯಾಗಿ ಹೆಚ್ಚಿ ಮೊಟ್ಟೆಯ ಹಳದಿ ತಂದಳು, ಹುಳಿಗೆ ನಿಂಬೆ ಹಿಂಡಿದಳು, ಗಜ್ಜರಿಯನ್ನು ಜಪಾನಮ್ಮ ಹೂವಾಗಿ ಕೊರೆದಳು. ಎಲ್ಲ ಬೆರೆಸಿ ತಟ್ಟೆಗೆ ಬಂದಾಗ ಅಜ್ಜಿ ಒಂದು ತುತ್ತು ಬಾಯಿಗಿಟ್ಟು, "ಇದು ಚಿತ್ರಾನ್ನನೇ ಬಿಡು, ಒಗ್ಗರಣಿ ಮರ್ತಾಳೆ ಅಷ್ಟೇ" ಎಂದಳು. ಮಿಚಿಯ ಅಪ್ಪ ಚಕ್ಕಳಮಕ್ಕಳ ಹಾಕಲಾಗದೆ ಮಂಡಿಯೂರಿ ಕೂತು, ಶೇಂಗಾ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡ.

ನನ್ನ ಕುತೂಹಲವೆಲ್ಲ ಗೊಂಬೆಗಳ ಮೇಲೆ. ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಗಳನ್ನು ಆರತಿಯಾದ ಮೇಲೆ ಕಟುಮ್ಮನೆ ಕಡಿದು ತಿಂದು ಬೆಳೆದವಳು ನಾನು; ಇವನ್ನು ತಿನ್ನುವುದು ಯಾವಾಗ ಎಂದು ಕೇಳಿ ಬೈಸಿಕೊಂಡೆ. ಹಬ್ಬ ಮಾಡುವುದಕ್ಕಿಂತ ಮುಗಿಸುವುದರಲ್ಲೇ ಜನಜನಕ್ಕೆ ವ್ಯತ್ಯಾಸವೇನೋ ಎಂದು ಈಗ ಅನ್ನಿಸುತ್ತದೆ. ನಮ್ಮ ಮಣ್ಣಿನ ಎತ್ತುಗಳು ನೀರಿಗೆ, ಸಕ್ಕರೆಯ ಗೌರಿ ಹೊಟ್ಟೆಗೆ, ಅವರ ರಾಣಿ ಪೆಟ್ಟಿಗೆಗೆ. ಅದೂ ಮರುದಿನವೇ ಹೋಗಬೇಕಂತೆ. ತಡಮಾಡಿ ಒಳಗಿಟ್ಟರೆ ಆ ಮನೆಯ ಹೆಣ್ಣುಮಕ್ಕಳ ಮದುವೆಯೂ ತಡವಾಗುತ್ತದಂತೆ. ಅಕ್ಕ ಈ ಮಾತನ್ನು ಕನ್ನಡಕ್ಕೆ ತಂದಾಗ ಅಮ್ಮನ ಕೈಯ ಸೌಟು ನಿಂತಿತು.

ನಿಲ್ಲದೇ ಏನು ಮಾಡೀತು? ಮಾಯಕೊಂಡದಿಂದ ಅಕ್ಕನಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಯುಗಾದಿ ಕಳೆದ ಮೇಲೆ ಮಾತುಕತೆ, ವೈಶಾಖದಲ್ಲಿ ಲಗ್ನ. ಓದು ಇಷ್ಟಕ್ಕೇ ಸಾಕು ಎಂಬುದು ಅವರ ಕರಾರು. ಅಕ್ಕನ ತರಬೇತಿ ಇನ್ನೂ ಒಂದು ವರ್ಷವಿತ್ತು. ಹೆಣ್ಣು ಬೇಡವೆನ್ನುವ ಕಾಲ ಅದಲ್ಲ. ಆದರೆ ಮುಂದಿನ ವರ್ಷದ ಪುಸ್ತಕಗಳನ್ನು ಗೆಳತಿಯಿಂದ ಆಗಲೇ ತಂದು, ಕಂದು ಕಾಗದದ ರಟ್ಟು ಹಾಕಿ, ಗೋಡೆಗೂಡಿನಲ್ಲಿ ಜೋಡಿಸಿಟ್ಟಿದ್ದಳು. "ಇಪ್ಪತ್ತು ತುಂಬೈತೆ, ಇನ್ನೇನು ಓದು" ಎಂದು ಎಲ್ಲರಿಗಿಂತ ಹೆಚ್ಚು ಅವಸರ ಮಾಡುತ್ತಿದ್ದವಳು ಅಮ್ಮನೇ.

ಮರುದಿನ ಗೊಂಬೆ ಒಯ್ಯುತ್ತೇನೆಂದಳು ಜಪಾನಮ್ಮ. ಅಜ್ಜಿ ಅಡ್ಡ ಬಂದಳು. "ನಾಳೆ ಶುಕ್ರವಾರ. ಶುಕ್ರವಾರ ಹೆಣ್ಣನ್ನ ಮನಿಯಿಂದ ಕಳಿಸ್ತಾರೇನು? ರಾಣಿ ಹೆಣ್ಣಲ್ಲೇನು? ಶನಿವಾರ ಒಯ್ಯಿ." ಇವಳ ಶಾಸ್ತ್ರಕ್ಕೆ ನಾಳೆ ಕಳಿಸಬಾರದು, ಅವಳ ಶಾಸ್ತ್ರಕ್ಕೆ ನಾಳೆಯೇ ಒಳಗಿಡಬೇಕು, ನಡುವೆ ಅಕ್ಕ, ಎರಡೂ ಕಡೆಯ ಮಾತನ್ನು ದಾಟಿಸುತ್ತ, ತನ್ನದೇ ಲಗ್ನದ ವಿಷಯವನ್ನು ಬೇರೆ ಯಾರದೋ ಎಂಬಂತೆ ಅನುವಾದಿಸುತ್ತ ನಿಂತಿದ್ದಳು. ಕೊನೆಗೆ ಜಪಾನಮ್ಮ ದಾರಿ ಕಂಡುಹಿಡಿದಳು. ಗೊಂಬೆಗಳ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟರೆ ಅವು ತಮ್ಮ ಮನೆಗೆ ಹೊರಟುಹೋದ ಲೆಕ್ಕವಂತೆ, ಹಬ್ಬ ಮುಗಿದ ಹಾಗೆಯೇ ಅಂತೆ. ಎರಡನ್ನೂ ತಿರುಗಿಸಿಟ್ಟು, ಎಲ್ಲರಿಗೂ ತಲೆಬಾಗಿ ಹೋದಳು. ಅಮ್ಮ ನಿಟ್ಟುಸಿರು ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಬಂದು ನೋಡುತ್ತೇನೆ, ರಾಜ ಗೋಡೆಯನ್ನೇ ನೋಡುತ್ತಿದ್ದಾನೆ, ರಾಣಿ ನಮ್ಮನ್ನು ನೋಡುತ್ತಿದ್ದಾಳೆ! ನನಗಾಗ ಒಂಬತ್ತು ವರ್ಷ; ಅಡುಗೆಮನೆಗೆ ನುಗ್ಗಿದೆ. "ಅಮ್ಮಾ, ರಾಣಿ ತಿರುಗ್ಯಾಳೆ!" ಎಂದು ಕೂಗಿದೆ. ರೊಟ್ಟಿ ಬಡಿಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ಗೊಂಬಿ ನೋಡಿದ್ದು ಸಾಕು, ಕೈ ತೊಳ್ಕಂಡು ಬಾ." ನಾನೇ ರಾಣಿಯನ್ನು ಗೋಡೆಗೆ ತಿರುಗಿಸಿ ಶಾಲೆಗೆ ಓಡಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಹರಿಹರಕ್ಕೆ ಹೊಳೆಯ ಸ್ನಾನಕ್ಕೆಂದು ಬೆಳಗಿನ ರೈಲಿಗೆ ಹೋಗಿದ್ದ ಅಜ್ಜಿ ಮರಳಿ ಬಂದಳು. ಬಂದವಳು ಒದ್ದೆ ಸೀರೆಯ ಗಂಟನ್ನು ಕೆಳಗಿಟ್ಟು, ಅತ್ತಿತ್ತ ನೋಡಿ, ಎರಡು ಬೆರಳಿನಲ್ಲಿ ರಾಣಿಯನ್ನು ಹಿಡಿದು ಮೆಲ್ಲಗೆ ಈಚೆಗೆ ತಿರುಗಿಸಿದಳು. ತಿರುಗಿ ನೋಡಿದರೆ ಬಾಗಿಲಲ್ಲಿ ನಾನು.

"ನೀನೇನೂ ನೋಡ್ಲಿಲ್ಲ" ಎಂದಳು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು, "ನಂಗೆ ಹನ್ನೊಂದಕ್ಕೆ ಲಗ್ನ ಮಾಡಿದ್ರವ್ವ. ಅಷ್ಟು ಅವಸರ ಯಾರಿಗಿತ್ತೋ, ನಂಗಂತೂ ಇರ್ಲಿಲ್ಲ. ನಿಮ್ಮಕ್ಕ ಎರಡು ವರ್ಷ ಓದ್ಕೊಳ್ಳಿ ಬಿಡು" ಎಂದಳು.

ಶನಿವಾರ ಬೆಳಿಗ್ಗೆ ಅಪ್ಪನ ಮುಂದೆ ಅಜ್ಜಿಯೇ ವಿಷಯ ತೆಗೆದಳು. ರಾಣಿ ತಾನಾಗಿ ತಿರುಗಿದ್ದಾಳೆ, ಹಬ್ಬ ಮುಗಿದಿಲ್ಲ ಎನ್ನುತ್ತಿದ್ದಾಳೆ, ಇದರ ಮೇಲೆ ಲಗ್ನದ ಮಾತೆತ್ತಿದರೆ ಒಳ್ಳೆಯದಾಗದು ಎಂದಳು. ಸದ್ದು ಕೇಳಿಯೇ ಬೇರಿಂಗು ಸವೆದದ್ದನ್ನು ಹೇಳುವ ಅಪ್ಪ ಇಂಥದ್ದನ್ನು ನಂಬುವವನಲ್ಲ. "ಗೊಂಬಿ ಹೆಂಗೆ ತಿರುಗ್ತೈತೆ? ಯಾರೋ ಮುಟ್ಟಿರ್ತಾರೆ" ಎಂದವನೇ ನನ್ನ ಕಡೆ ನೋಡಿದ. "ನಿಜ ಹೇಳವ್ವ. ಯಾರು ತಿರುಗ್ಸಿದ್ರು?"

ಅಪ್ಪನಿಗೆ ನಾನು ಅದುವರೆಗೆ ಸುಳ್ಳು ಹೇಳಿರಲಿಲ್ಲ. ಗೂಡಿನಲ್ಲಿದ್ದ ರಟ್ಟು ಹಾಕಿದ ಪುಸ್ತಕಗಳು ಕಂಡವು. "ತಾನೇ ತಿರುಗ್ತಪ್ಪ" ಎಂದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸಂಜೆಯದು ಅಜ್ಜಿಯ ಕೈ, ಮಧ್ಯಾಹ್ನದ್ದು ರಾಣಿಯ ಸ್ವಂತ ಇಚ್ಛೆ ಎಂದೇ ನಾನು ನಂಬಿದ್ದೆ. ಆಗ ಚಹಾದ ಲೋಟ ಹಿಡಿದು ನಿಂತಿದ್ದ ಅಮ್ಮ, ಎಲ್ಲರಿಗಿಂತ ಅವಸರದ ಅಮ್ಮ, "ಪರದೇಶದ ದೇವ್ರು, ಯಾಕ ಬೇಕ್ರಿ ನಮ್ಗೆ? ಒಂದೆರಡು ವರ್ಷ ತಡೀರಿ" ಎಂದಳು. ಪಾಪ, ಹೆದರಿದಳು ಎಂದುಕೊಂಡೆ. ಅಪ್ಪ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ರಾಣಿಯನ್ನೂ ಒಮ್ಮೆ ನೋಡಿ, ಮಾಯಕೊಂಡಕ್ಕೆ ಕಾರ್ಡು ಬರೆಯಲು ಕೂತ. ಮಧ್ಯಾಹ್ನ ಜಪಾನಮ್ಮ ಬಂದಳು. ತಾನು ತಿರುಗಿಸಿಟ್ಟು ಹೋದ ರಾಣಿ ಹೀಗೆ ಕೂತಿದ್ದನ್ನು ಕಂಡು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. ಜೋಡಿಯನ್ನು ಪೆಟ್ಟಿಗೆಗೆ ಹಾಕಿ, ಕಾಗದದ ಗೊಂಬೆಗಳಲ್ಲಿ ಒಂದನ್ನು ನನ್ನ ಅಂಗೈಯಲ್ಲಿಟ್ಟಳು. ಇದನ್ನು ಒಳಗಿಡಬೇಕಾಗಿಲ್ಲವಂತೆ ಎಂದು ಅಕ್ಕ ಹೇಳಿದಳು.

ಅಕ್ಕ ಹರಿಹರದಲ್ಲಿ ಮೇಡಂ ಆದಳು, ತಾನೇ ಮೆಚ್ಚಿದ ಮೇಷ್ಟರನ್ನು ಇಪ್ಪತ್ತನಾಲ್ಕಕ್ಕೆ ಮದುವೆಯಾದಳು, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದಳು. ಬುದ್ಧಿ ಬಲಿತ ಮೇಲೆ ನಾನು ಮಧ್ಯಾಹ್ನದ ಕೈ ಅಕ್ಕನದೇ ಎಂದು ತೀರ್ಮಾನಿಸಿ, ಆ ಗುಟ್ಟನ್ನು ಅವಳ ಮರ್ಯಾದೆಗೆಂದು ಇಷ್ಟು ವರ್ಷ ಕೆದಕದೆ ಬಿಟ್ಟಿದ್ದೆ. ಮೊನ್ನೆ ಅವಳು ಬಂದಾಗ ಕಪಾಟಿನ ಮುಂದೆ ನಿಂತು ಕೇಳಿಯೇಬಿಟ್ಟೆ.

"ನಾನಾ? ನಂಗೆಲ್ಲಿತ್ತೇ ಅಷ್ಟು ಧೈರ್ಯ?" ಎಂದಳು. "ಕಾಲೇಜಿಗೆ ಹೊರಡೋವಾಗ ನೋಡಿದ್ದೆ, ಗೋಡೆ ಕಡೆಗೇ ಇತ್ತು. ಅಲ್ಲಿಗೆ ನನ್ನ ಓದು ಮುಗೀತು ಅಂತ ದಾರಿ ತುಂಬ ಅತ್ಕೊಂಡು ಹೋಗಿದ್ದೆ."

"ಹಂಗಾದ್ರೆ ಅಜ್ಜಿನೇ."

"ಅಜ್ಜಿ ನನಗಿಂತ ಮೊದ್ಲೇ ರೈಲಿಗೆ ಹೋಗಿದ್ಲಲ್ಲೇ. ಅಪ್ಪನೂ ಮೊದಲನೇ ಪಾಳಿ."

ಆ ಮಧ್ಯಾಹ್ನ ಮನೆಯಲ್ಲಿದ್ದವಳು ಒಬ್ಬಳೇ. ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿಕೊಂಡವಳು, ಓದು ಸಾಕೆಂದು ದಿನಕ್ಕೆ ನಾಲ್ಕು ಸಲ ಅಂದವಳು, ರೊಟ್ಟಿ ಬಡಿಯುತ್ತ ತಲೆಯೆತ್ತದವಳು. ಬಾಯಲ್ಲಿ ಊರಿನ ಮಾತನ್ನು ಆಡುತ್ತ, ಕೈಯಲ್ಲಿ ತನ್ನ ಮಾತನ್ನು ಆಡಿದ್ದಳು. ಅಂದು ಬೆದರಿದ್ದು ರಾಣಿಗಲ್ಲ, ನಾನೆಲ್ಲಿ ಮಧ್ಯಾಹ್ನವೇ ಅದು ತಿರುಗಿದ್ದನ್ನು ಹೇಳಿಬಿಡುತ್ತೇನೋ ಎಂದು. ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಬದುಕಿದ್ದಷ್ಟು ದಿನ ಅಕ್ಕನ ನೌಕರಿಯ ಸುದ್ದಿ ಬಂದರೆ, "ಎಲ್ಲಾ ನಿಮ್ಮಜ್ಜಿ ಮಾಡಿದ್ದು" ಎಂದು ಎದ್ದು ಒಳಗೆ ಹೋಗುತ್ತಿದ್ದಳು. ಅತ್ತೆ ಸೊಸೆ ಒಂದೇ ಗೊಂಬೆಯನ್ನು ಒಂದೇ ದಿನ ತಿರುಗಿಸಿದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇನ್ನು ತಿಳಿಯುವ ದಾರಿಯಿಲ್ಲ. ಅಮ್ಮ ಮಾಡಿದ್ದನ್ನು ಗೋಡೆಗೆ ತಿರುಗಿಸಿ ಹೋದವಳು ನಾನೇ ಎಂಬುದು ಮಾತ್ರ ಈಗ ಚುಚ್ಚುತ್ತದೆ.

ಅಕ್ಕನನ್ನು ಬಸ್ಸು ಹತ್ತಿಸಿ ಬಂದು ಕಪಾಟಿನ ಬಾಗಿಲು ತೆರೆದೆ. ಕಪ್ಪಿನ ಧೂಳು ಒರೆಸಿದೆ, ಗಡಿಯಾರದ್ದು ಒರೆಸಿದೆ, ಗೊಂಬೆಯನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಊದಿದೆ. ಕೊರಳಪಟ್ಟಿ ಯಾವ ಕಡೆ ಎಂದು ನೋಡಿ, ಗೋಡೆಗೆ ಬೆನ್ನು ಮಾಡಿ, ಅಮ್ಮ ಇಟ್ಟ ಹಾಗೆ ಇಟ್ಟೆ.